ಟವರ್ ಇಲ್ಲದ ಮಿಲ್ಡುರಾದಲ್ಲಿ ಡ್ಯಾಶ್ 8 ಜೊತೆ ಸರ್ಕ್ಯೂಟ್: 10 ಮೈಲಿ ಕಾಲ್ ಒಂದೇ ಸಾಕಾ?

ಹಾಸನದ_ಹಕ್ಕಿ
ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ತರಬೇತಿಯಲ್ಲಿದ್ದೇನೆ. ಮುಂದಿನ ಸೋಲೊ ನ್ಯಾವಿಗೇಶನ್ (ಒಬ್ಬರೇ ದಾರಿ ಹಿಡಿದು ಹಾರುವುದು) ಮಿಲ್ಡುರಾಕ್ಕೆ. ಅಲ್ಲಿ ಟವರ್ ಇಲ್ಲ, ಕ್ಲಾಸ್ ಜಿ (ನಿಯಂತ್ರಣವಿಲ್ಲದ ವಾಯುಪ್ರದೇಶ), ಎಲ್ಲರೂ ಒಂದೇ ಸಿಟಿಎಎಫ್ (ಪೈಲಟ್‌ಗಳು ತಮ್ಮತಮ್ಮಲ್ಲೇ ಮಾತಾಡುವ) ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತಾರೆ. ನಾನು ಸಣ್ಣ ಪೈಪರ್ ವಾರಿಯರ್‌ನಲ್ಲಿ 100 ನಾಟ್‌ನಲ್ಲಿ (ಗಂಟೆಗೆ 100 ನಾಟಿಕಲ್ ಮೈಲಿ) ಬರುತ್ತಿರುವಾಗಲೇ ಪ್ರಯಾಣಿಕರ ಡ್ಯಾಶ್ 8 ವಿಮಾನ ನೇರ ಫೈನಲ್‌ಗೆ (ಸುತ್ತದೆ ಸೀದಾ ರನ್‌ವೇಯತ್ತ ಇಳಿಯುವ ಹಾದಿ) ಬಂದರೆ ಏನು ಮಾಡಬೇಕು? 10 ಮೈಲಿಯಲ್ಲಿ ಒಂದು ಕಾಲ್ ಕೊಟ್ಟರೆ ಸಾಕಾ? ಸ್ಕೈಎಕೋ (ಸ್ಥಾನ ಬಿತ್ತರಿಸುವ ಸಣ್ಣ ಉಪಕರಣ) ಇಟ್ಟುಕೊಂಡಿರುತ್ತೇನೆ, ಅವರ ಟಿಕ್ಯಾಸ್‌ಗೆ (ಡಿಕ್ಕಿ ತಪ್ಪಿಸುವ ಎಚ್ಚರಿಕೆ ವ್ಯವಸ್ಥೆ) ನಾನು ಕಾಣುತ್ತೇನೆ ತಾನೆ?

ಡೌನ್‌ವಿಂಡ್
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಸ್ಕೈಎಕೋ ಒಂದರಿಂದಲೇ ಕಾಣುವುದಿಲ್ಲ. ಟಿಕ್ಯಾಸ್ ಬೇರೆ ವಿಮಾನದ ಟ್ರಾನ್ಸ್‌ಪಾಂಡರ್‌ಗೆ (ರೇಡಿಯೊ ಪ್ರಶ್ನೆಗೆ ತಾನಾಗಿ ಉತ್ತರಿಸುವ ಉಪಕರಣ) ಪ್ರಶ್ನೆ ಕಳಿಸಿ ಉತ್ತರ ಕಾಯುತ್ತದೆ. ಸ್ಕೈಎಕೋ ತನ್ನಷ್ಟಕ್ಕೆ ಎಡಿಎಸ್-ಬಿ (ತಾನಿರುವ ಜಾಗ ತಿಳಿಸುವ ಸಂಕೇತ) ಬಿತ್ತರಿಸುತ್ತದೆ, ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಎಡಿಎಸ್-ಬಿ ಇನ್ (ಆ ಸಂಕೇತ ಹಿಡಿಯುವ ಸೌಲಭ್ಯ) ಇರುವ ಸಣ್ಣ ವಿಮಾನದವರ ಟ್ಯಾಬ್ಲೆಟ್‌ನಲ್ಲಿ ನೀವು ಕಾಣಬಹುದು, ಅದು ಒಳ್ಳೆಯದೇ. ಡ್ಯಾಶ್ 8ಗೆ ಕಾಣಬೇಕಾದರೆ ಟ್ರಾನ್ಸ್‌ಪಾಂಡರ್ 1200 ಕೋಡ್‌ನಲ್ಲಿ, ಗುಂಡಿ ಎಎಲ್‌ಟಿ ಮೇಲೆ ಇರಲೇಬೇಕು. ಬರೀ ಆನ್‌ನಲ್ಲಿಟ್ಟರೆ ನಿಮ್ಮ ಎತ್ತರ ಹೋಗುವುದಿಲ್ಲ, ಎತ್ತರ ತಿಳಿಯದೆ ಟಿಕ್ಯಾಸ್ 'ಏರು', 'ಇಳಿ' ಎಂದು ಹೇಳಲಾರದು. ಎಲ್ಲ ಸರಿಯಿದ್ದರೂ ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಆ ಸೂಚನೆಗಳು ಬಂದ್ ಆಗಿರುತ್ತವೆ. ನಿಮ್ಮ ಸರ್ಕ್ಯೂಟ್ (ಇಳಿಯುವ ಮುಂಚೆ ರನ್‌ವೇ ಸುತ್ತ ಹಾರುವ ಆಯತಾಕಾರದ ಹಾದಿ) ಎತ್ತರವೂ ಅಷ್ಟೇ ಅಲ್ಲವೇ?

ಇನ್ನು ಮೈಲಿ ಲೆಕ್ಕ. ಇದರಲ್ಲೇ ಹೊಸಬರು ಎಡವುವುದು. 'ಡ್ಯಾಶ್ 8, 30 ಮೈಲ್ಸ್' ಎಂದು ಕೇಳಿದಾಗ ದೂರ ಇದೆ ಅನಿಸುತ್ತದೆ. 240 ನಾಟ್‌ನಲ್ಲಿ 30 ನಾಟಿಕಲ್ ಮೈಲಿ ಅಂದರೆ ಏಳೂವರೆ ನಿಮಿಷ. 100 ನಾಟ್‌ನಲ್ಲಿ ನಿಮ್ಮ 10 ಮೈಲಿ 6 ನಿಮಿಷ. ಅವರು ಕೊನೆಯಲ್ಲಿ ವೇಗ ಇಳಿಸಿದರೂ ಇಬ್ಬರ ನಡುವೆ ಇರುವುದು ಕೆಲವೇ ನಿಮಿಷ. ಹಾಗಾಗಿ ಮೈಲಿ ಹೋಲಿಸಬೇಡಿ, ಸರ್ಕ್ಯೂಟ್ ತಲುಪುವ ಸಮಯ ಹೋಲಿಸಿ. 15 ಮೈಲಿಯಿಂದಲೇ ಕೇಳಿಸಿಕೊಳ್ಳುತ್ತಿರಿ, 10 ಬರುವ ಮುಂಚೆಯೇ ಮಾತಾಡಿ.

ಕಣ್ಣನ್ನೇ ನಂಬಿ ಕೂರಬೇಡಿ. 120 ಮತ್ತು 210 ನಾಟ್‌ನ ಎರಡು ವಿಮಾನ ಎದುರುಬದುರಾದರೆ ಸೆಕೆಂಡಿಗೆ 170 ಮೀಟರ್ ಹತ್ತಿರವಾಗುತ್ತವೆ. ನೋಡಿ, ಗುರುತಿಸಿ, ತಿರುಗಿಸಲು 12.5 ಸೆಕೆಂಡ್ ಬೇಕೆಂಬುದು ಅಮೆರಿಕದ ಎಫ್‌ಎಎ ಲೆಕ್ಕ. ಅಂದರೆ 2 ಕಿ.ಮೀ. ದೂರದಲ್ಲೇ ಕಂಡಿರಬೇಕು. ಡಿಕ್ಕಿಯ ಹಾದಿಯಲ್ಲಿರುವ ವಿಮಾನ ಗಾಜಿನ ಮೇಲೆ ಸರಿಯುವುದೇ ಇಲ್ಲ, ಒಂದೇ ಜಾಗದಲ್ಲಿ ಚುಕ್ಕೆಯಾಗಿ ನಿಂತಿರುತ್ತದೆ.

ರನ್‌ವೇ_ಒಂಬತ್ತು
ಮೇಲಿನದಕ್ಕೆ ಸೇರಿಸುತ್ತೇನೆ. 2023ರ ಜೂನ್‌ನಲ್ಲಿ ಮಿಲ್ಡುರಾದಲ್ಲೇ ಆದದ್ದನ್ನು ಓದಿಕೊಂಡು ಹೋಗಿ, ಎಟಿಎಸ್‌ಬಿ (ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ತನಿಖಾ ಸಂಸ್ಥೆ) ವರದಿ ಇದೆ. ಪೈಪರ್ ಪಿಎ-28 ಉತ್ತರಕ್ಕೆ ಮುಖಮಾಡಿದ ರನ್‌ವೇ 36ರಿಂದ, ಡ್ಯಾಶ್ 8 ಅದನ್ನು ಅಡ್ಡಹಾಯುವ, ಪೂರ್ವಕ್ಕೆ ಮುಖಮಾಡಿದ ರನ್‌ವೇ 09ರಿಂದ, ಎರಡೂ ಒಟ್ಟಿಗೆ ಟೇಕಾಫ್. ಪೈಪರ್‌ನ ಪೈಲಟ್ 36 ಅನ್ನುವ ಬದಲು 35 ಎಂದಿದ್ದರು. ಹತ್ತಿರದ ವೆಂಟ್‌ವರ್ತ್‌ನಲ್ಲಿ 35 ಇದೆ, ಫ್ರೀಕ್ವೆನ್ಸಿಯೂ ಅದೇ. ಪೈಪರ್ ಅಲ್ಲೆಲ್ಲೋ ಇದೆ ಎಂದು ಡ್ಯಾಶ್ 8ನವರು ತಿಳಿದುಕೊಂಡರು. ಒಂದು ರನ್‌ವೇ ತುದಿಯಿಂದ ಇನ್ನೊಂದು ಕಾಣುವುದೂ ಇಲ್ಲ. ಒಂದು ಅಂಕಿ ತಪ್ಪಿದ್ದಕ್ಕೆ ಇಷ್ಟು! ಲೈನ್‌ಅಪ್ ಆದಾಗ ನೆಲದ ಮೇಲೆ ಬರೆದ ಅಂಕಿಯನ್ನೂ ದಿಕ್ಸೂಚಿಯನ್ನೂ ನೋಡಿಕೊಂಡು ಆಮೇಲೆ ಬಾಯಿ ಬಿಡಿ.

ಕಾಲ್ ಹೀಗಿರಲಿ: 'ಮಿಲ್ಡುರಾ ಟ್ರಾಫಿಕ್, ವಾರಿಯರ್ ಆಲ್ಫಾ ಬ್ರಾವೊ ಚಾರ್ಲಿ, ಒನ್ ಟೂ ಮೈಲ್ಸ್ ಸೌತ್, ತ್ರೀ ತೌಸಂಡ್, ಇನ್‌ಬೌಂಡ್, ಸರ್ಕ್ಯೂಟ್ ಅಟ್ ತ್ರೀ ಸೆವೆನ್, ಮಿಲ್ಡುರಾ.' ಊರ ಹೆಸರು ಮೊದಲೂ ಕೊನೆಗೂ ಬರಬೇಕು, ಮೊದಲ ಪದ ನುಂಗಿಹೋಗುವುದೇ ಹೆಚ್ಚು. ಆಮೇಲೆ ಡ್ಯಾಶ್ 8 ಅನ್ನು ಹೆಸರಿಟ್ಟು ಕರೆಯಿರಿ. ಅವರ ಒಂದು ರೇಡಿಯೊದಲ್ಲಿ ಸೆಂಟರ್ (ದೂರದ ವಾಯು ಸಂಚಾರ ನಿಯಂತ್ರಣ ಕೇಂದ್ರ), ಇನ್ನೊಂದರಲ್ಲಿ ಸಿಟಿಎಎಫ್. ಸೆಂಟರ್ ಮಾತಾಡುತ್ತಿದ್ದರೆ ನಿಮ್ಮದು ಕಿವಿಗೆ ಬಿದ್ದಿರುವುದಿಲ್ಲ. ಉತ್ತರ ಬರದಿದ್ದರೆ 'ಕೇಳಿಸಿರಬೇಕು' ಎಂದುಕೊಳ್ಳದೆ ಮತ್ತೆ ಹೇಳಿ. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಉಳಿದವರಿಗೆ ಕೀರಲು ಸದ್ದಷ್ಟೇ. ಅವರು ಐಎಫ್‌ಆರ್ (ಉಪಕರಣ ನೋಡಿ ಹಾರುವ ನಿಯಮ) ನಕ್ಷೆಯ ವೇಪಾಯಿಂಟ್ ಹೆಸರು ಹೇಳಿ ನಿಮಗೆ ಗೊತ್ತಾಗದಿದ್ದರೆ 'ಎಷ್ಟು ಮೈಲಿ, ಯಾವ ದಿಕ್ಕು' ಎಂದು ಕೇಳಲು ಸಂಕೋಚಪಡಬೇಡಿ.

ಹಾಸನದ_ಹಕ್ಕಿ
ಧನ್ಯವಾದ ಸರ್. ನಾನು ಆಗಲೇ ಡೌನ್‌ವಿಂಡ್‌ನಲ್ಲಿದ್ದರೆ (ಸರ್ಕ್ಯೂಟ್‌ನಲ್ಲಿ ರನ್‌ವೇಗೆ ಸಮಾನಾಂತರವಾಗಿ ಹಾರುವ ಭಾಗ) ದಾರಿ ಬಿಡಬೇಕಾದವರು ಯಾರು?

ಡೌನ್‌ವಿಂಡ್
ನಿಯಮದಂತೆ ನೇರ ಫೈನಲ್‌ಗೆ ಬರುವವರೇ ಸರ್ಕ್ಯೂಟ್‌ನಲ್ಲಿರುವವರಿಗೆ ದಾರಿ ಬಿಡಬೇಕು, ದೊಡ್ಡ ವಿಮಾನವಾದರೂ ಅಷ್ಟೇ. ಆದರೂ ನನ್ನ ಸಲಹೆ: ಸಮಯ ಹತ್ತಿರವಿದ್ದರೆ 'ಡೌನ್‌ವಿಂಡ್ ಉದ್ದ ಮಾಡುತ್ತೇನೆ, ನೀವು ನಂಬರ್ ಒನ್' ಎಂದು ಹೇಳಿಬಿಡಿ. ಹೇಳಿದ ಮೇಲೆ ಅವರು ಕಣ್ಣಿಗೆ ಬಿದ್ದು ನಿಮ್ಮನ್ನು ದಾಟುವವರೆಗೆ ಬೇಸ್‌ಗೆ (ಫೈನಲ್‌ಗೆ ಮುಂಚಿನ ಅಡ್ಡ ಭಾಗ) ತಿರುಗಬೇಡಿ. ಸರ್ಕ್ಯೂಟ್‌ನಲ್ಲಿ ಆರ್ಬಿಟ್ (ಪೂರ್ತಿ ಒಂದು ಸುತ್ತು) ಹೊಡೆಯುವುದಂತೂ ಬೇಡ, ಹಿಂದೆ ಬರುವವರ ಮುಖಕ್ಕೆ ಹೋಗುತ್ತೀರಿ. ಡ್ಯಾಶ್ 8 ಇಳಿದ ಮೇಲೆ ಅದರ ಗಾಳಿಸುಳಿಗೆ 3 ನಿಮಿಷ ಬಿಡಿ, ಅದು ಇಳಿದ ಜಾಗಕ್ಕಿಂತ ಮುಂದೆ ನಿಮ್ಮ ಚಕ್ರ ತಾಗಲಿ.

ಮರ್ರೇ_ದಂಡೆ
ಕ್ಲಾಸ್ ಜಿಯಲ್ಲಿ ಐಎಫ್‌ಆರ್ ವಿಮಾನಕ್ಕೆ ಸೆಂಟರ್ ಇನ್ನೊಂದು ಐಎಫ್‌ಆರ್ ವಿಮಾನದ ಮಾಹಿತಿ ಕೊಡುತ್ತದೆ, ಅವುಗಳ ನಡುವೆ ಅಂತರ ಕಾಯ್ದುಕೊಡುವುದಿಲ್ಲ. 2020ರ ಫೆಬ್ರವರಿ 19ರಂದು ವಿಕ್ಟೋರಿಯಾದ ಮ್ಯಾಂಗಲೋರ್ ಬಳಿ (ನಮ್ಮ ಮಂಗಳೂರಲ್ಲ) ಎರಡು ಅವಳಿ ಎಂಜಿನ್ ತರಬೇತಿ ವಿಮಾನಗಳು ಡಿಕ್ಕಿಯಾಗಿ ನಾಲ್ವರು ಸತ್ತರು. ಇಬ್ಬರಿಗೂ ಮಾಹಿತಿ ಹೋಗಿತ್ತು. ಹಾಗಾಗಿ 'ಟ್ರಾಫಿಕ್ ಗೊತ್ತಾಯಿತು' ಎಂದು ಅಲ್ಲಿಗೇ ಬಿಡದೆ, 'ನಾನು 3,000 ಬಿಟ್ಟು ಇಳಿಯುವುದಿಲ್ಲ, ನೀವು ದಾಟಿದ ಮೇಲೆ ಇಳಿಯುತ್ತೇನೆ' ಎಂಬಂಥ ಖಚಿತ ಒಪ್ಪಂದ ಮಾಡಿಕೊಳ್ಳಿ.

ಫ್ರೀಕ್ವೆನ್ಸಿ ಸರಿಯಿದೆಯೇ ಎಂದು ತಿಳಿಯಲು ಎಎಫ್‌ಆರ್‌ಯು (ಕಾಲ್‌ಗೆ ತಾನಾಗಿ ಸ್ಪಂದಿಸುವ ಯಂತ್ರ) ಇರುವ ನಿಲ್ದಾಣಗಳಲ್ಲಿ ಕಾಲ್ ಮುಗಿದ ಕೂಡಲೇ ಒಂದು ಬೀಪ್ ಬರುತ್ತದೆ. 5 ನಿಮಿಷದಿಂದ ಯಾರೂ ಮಾತಾಡಿರದಿದ್ದರೆ ಊರ ಹೆಸರನ್ನೇ ಹೇಳುತ್ತದೆ. ಇದೆಯೋ ಇಲ್ಲವೋ ಇಆರ್‌ಎಸ್‌ಎ (ವಿಮಾನ ನಿಲ್ದಾಣಗಳ ಮಾಹಿತಿ ಕೈಪಿಡಿ) ಪುಟದಲ್ಲಿ ನೋಡಿಕೊಂಡು ಹೊರಡಿ. ಇದ್ದೂ ಬೀಪ್ ಬರದಿದ್ದರೆ ಫ್ರೀಕ್ವೆನ್ಸಿ, ವಾಲ್ಯೂಮ್, ಆಡಿಯೊ ಪ್ಯಾನೆಲ್‌ನಲ್ಲಿ ಯಾವ ರೇಡಿಯೊ ಆರಿಸಿದ್ದೀರಿ ಎಂಬುದನ್ನು ಅದೇ ಕ್ರಮದಲ್ಲಿ ನೋಡಿ. ಅದು ಸರಿಯಾಗುವವರೆಗೆ ಸರ್ಕ್ಯೂಟ್‌ನಿಂದ ಹೊರಗೇ ಇರಿ.