ಲಾಟರಿ ಡಾಲಸ್‌ಗೆ, ಜಗಳ ನಮ್ಮ ಗುಂಪಿಗೆ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬ್ಯಾಸ್ಕೆಟ್‌ಬಾಲ್ ಗೊತ್ತಿರುವವರು ಇಬ್ಬರೇ. ಒಬ್ಬ, ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಚಿಕ್ಕಪ್ಪನ ಮಗ ಪುಟ್ಟ. ಇನ್ನೊಬ್ಬರು ಮೈಸೂರಿನ ಗುಂಡಣ್ಣ. ಅವರು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವುದನ್ನು 1998ಕ್ಕೇ ನಿಲ್ಲಿಸಿದ್ದಾರೆ. ಹಾಗಿದ್ದೂ 2025ರ ಮೇ 13ರ ಬೆಳಗ್ಗೆ ಎನ್‌ಬಿಎ ಡ್ರಾಫ್ಟ್ ಲಾಟರಿ (ಹೊಸ ಆಟಗಾರರನ್ನು ಯಾವ ತಂಡ ಮೊದಲು ಆರಿಸಬೇಕು ಅಂತ ಎತ್ತುವ ಚೀಟಿ) ವಿಷಯಕ್ಕೆ ಹತ್ತಿಕೊಂಡ ಜಗಳಕ್ಕೆ ಮನೆಮಂದಿಯೆಲ್ಲ ಬಂದು ಸೇರಿದರು.

ಕಡ್ಡಿ ಗೀರಿದ್ದು ಚಿಕ್ಕಪ್ಪ. ಕಾಫಿ ಹೊತ್ತಿಗೆ ಒಂದು ಫಾರ್ವರ್ಡ್ ಬಂತು. ಸಾರಾಂಶ ಇಷ್ಟು: ಅಮೆರಿಕದ ಮಹಾಮೋಸ ಬಯಲು! ಫೆಬ್ರವರಿಯಲ್ಲಿ ಡಾಲಸ್ ತಂಡ ತನ್ನ ಚಿನ್ನದಂಥ ಆಟಗಾರ ಲುಕಾ ಡಾನ್ಚಿಚ್‌ನನ್ನು ಲಾಸ್ ಏಂಜಲೀಸ್‌ಗೆ ಸುಮ್ನೆ ಬಿಟ್ಟುಕೊಟ್ಟಿತಲ್ಲ, ಅದಕ್ಕೆ ಪ್ರತಿಫಲವಾಗಿ ಈಗ ಲಾಟರಿಯಲ್ಲಿ ಮೊದಲ ಸ್ಥಾನ ಕೊಟ್ಟಿದ್ದಾರೆ. ಬಡಪಾಯಿ ಯೂಟಾ ಜಾಝ್‌ಗೆ ಅನ್ಯಾಯ. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪನಿಗೆ ಡಾನ್ಚಿಚ್ ಯಾರೆಂದು ಗೊತ್ತಿಲ್ಲ. ಮಗನ ಊರಿನ ತಂಡ ಯೂಟಾಕ್ಕೆ ಅನ್ಯಾಯವಾಗಿದೆ ಅನ್ನುವುದಷ್ಟೇ ಕಣ್ಣಿಗೆ ಬಿದ್ದಿದ್ದು.

ಯೂಟಾದ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 2022ರಲ್ಲಿ ಅವರು ತಮ್ಮ ದೊಡ್ಡ ಆಟಗಾರರಾದ ರೂಡಿ ಗೋಬೇರ್‌ನನ್ನು ಮಿನೆಸೋಟಾಕ್ಕೂ ಡಾನವನ್ ಮಿಚೆಲ್‌ನನ್ನು ಕ್ಲೀವ್‌ಲ್ಯಾಂಡ್‌ಗೂ ಕೊಟ್ಟು, ಬದಲಿಗೆ ಮುಂದಿನ ವರ್ಷಗಳ ಡ್ರಾಫ್ಟ್ ಆಯ್ಕೆಗಳನ್ನು ರಾಶಿ ಹಾಕಿಕೊಂಡರು. ಮನೆ ಕೆಡವಿ ಹೊಸದು ಕಟ್ಟುವ ಲೆಕ್ಕ. 2024-25ರಲ್ಲಿ 82 ಪಂದ್ಯ ಆಡಿ ಗೆದ್ದಿದ್ದು 17. ಇಡೀ ಲೀಗ್‌ಗೇ ಕಡೇ ಸ್ಥಾನ. ಪುಟ್ಟ ಮಾತ್ರ ಚಳಿಗಾಲ ಪೂರ್ತಿ ಸೋಲು ನೋಡಿಕೊಂಡು ಖುಷಿಯಾಗಿದ್ದ. ಎನ್‌ಬಿಎಯಲ್ಲಿ ಜಾಸ್ತಿ ಸೋತವರಿಗೆ ಹೊಸ ಆಟಗಾರರನ್ನು ಮೊದಲು ಆರಿಸುವ ಅವಕಾಶ ಜಾಸ್ತಿ. ಆ ವರ್ಷ ಎಲ್ಲರ ಕಣ್ಣಿದ್ದಿದ್ದು ಡ್ಯೂಕ್ ವಿಶ್ವವಿದ್ಯಾಲಯದ 18ರ ಹುಡುಗ ಕೂಪರ್ ಫ್ಲಾಗ್ ಮೇಲೆ. ಲಾಟರಿ ಎತ್ತಿದರು. ಫ್ಲಾಗ್‌ನನ್ನು ಆರಿಸುವ ಹಕ್ಕು ಡಾಲಸ್‌ಗೆ ಹೋಯಿತು. ಯೂಟಾ ಐದನೇ ಸ್ಥಾನಕ್ಕೆ ಬಿತ್ತು.

ಮೊದಲ ಉತ್ತರ ಚಿನ್ನಿಯಿಂದ. ದೊಡ್ಡಪ್ಪನ ಮಗಳು, ಕೆಲಸ ಆಡಿಟಿಂಗ್, ಸ್ವಭಾವವೂ ಅದೇ.

ಚಿನ್ನಿ: ಇದರ ಮೂಲ ಎಲ್ಲಿದೆ ಚಿಕ್ಕಪ್ಪ? ಯಾವ ಪತ್ರಿಕೆ? ಲಿಂಕ್ ಹಾಕಿ.

ಚಿಕ್ಕಪ್ಪ: ವಾಕಿಂಗ್ ಗುಂಪಿನಲ್ಲಿ ಬಂತಮ್ಮ. ಕಳಿಸಿದವರು ರಿಟೈರ್ಡ್ ಚೀಫ್ ಇಂಜಿನಿಯರ್.

ಚಿನ್ನಿ: ಇಂಜಿನಿಯರ್ ಅನ್ನೋದು ಮೂಲ ಅಲ್ಲ.

ಚಿಕ್ಕಪ್ಪ: ಓದಿದವರು ಸುಳ್ಳು ಹೇಳ್ತಾರಾ? ಹೋದ ಸಲ ಬೇವಿನ ಕಷಾಯದ ವಿಷಯಕ್ಕೂ ನೀನು ಹೀಗೇ ಅಂದೆ.

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿ ನಿವೃತ್ತಿಯಾದವರು, ಆದರೆ ಈ ಗುಂಪಿನಲ್ಲಿ ಇನ್ನೂ ಸರ್ವೀಸಿನಲ್ಲಿದ್ದಾರೆ.

ದೊಡ್ಡಪ್ಪ: ಮೋಸ ಆಯಿತೋ ಇಲ್ಲವೋ ಆಮೇಲೆ ನೋಡೋಣ. ಸೋತವನಿಗೆ ಬಹುಮಾನ ಕೊಡುವುದೇ ಮೊದಲ ತಪ್ಪು. ನನ್ನ ಸರ್ವೀಸಿನಲ್ಲಿ ಫೇಲಾದವನನ್ನು ಮೊದಲ ಬೆಂಚಿನಲ್ಲಿ ಕೂರಿಸಿದವನಲ್ಲ ನಾನು. ಪರಿಶ್ರಮ ಇಲ್ಲದ ಫಲ ದಕ್ಕುವುದಿಲ್ಲ. ಇದು ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ.

ಗುಂಡಣ್ಣ: ಹೌದು ದೊಡ್ಡಪ್ಪ, ಕೊನೇ ಬೆಂಚಿಗೆ ಕಳಿಸ್ತಿದ್ರಿ. ಅಲ್ಲಿ ಕೂತವನು ನಾನೇ.

ಪುಟ್ಟ: ದೊಡ್ಡಪ್ಪ, ಬೇಕಂತ ಸೋತಿಲ್ಲ. ಚಿಕ್ಕ ಹುಡುಗರಿಗೆ ಆಡೋಕೆ ಅವಕಾಶ ಕೊಟ್ಟರು, ಅಷ್ಟೇ.

ಚಿನ್ನಿ: ಹಾಗಾದ್ರೆ ಮಾರ್ಚ್‌ನಲ್ಲಿ ಲೀಗ್ ನಿಮ್ಮ ತಂಡಕ್ಕೆ 1 ಲಕ್ಷ ಡಾಲರ್ ದಂಡ ಹಾಕಿದ್ದು ಯಾಕೋ? ನಿಮ್ಮ ಒಳ್ಳೇ ಆಟಗಾರ ಲೌರಿ ಮಾರ್ಕನೆನ್‌ನ ಸುಮ್ನೆ ಕೂರಿಸಿದ್ದಕ್ಕೆ ಅಲ್ವಾ?

ದೊಡ್ಡಪ್ಪ: ಸೋಲಕ್ಕೆ ದಂಡ ಬೇರೆ ಕಟ್ಟಿದ್ದಾರಾ! ಶಿವ ಶಿವ.

ಪುಟ್ಟ ಅಳುವ ಮುಖದ ಇಮೋಜಿ ಹಾಕಿದ. ಚಿಕ್ಕಮ್ಮ ಅದರ ಕೆಳಗೆ ಗುಲಾಬಿ ಹೂವಿನ ಶುಭೋದಯ ಹಾಕಿದರು. ಅವರು ಮೇಲಿನದು ಯಾವುದನ್ನೂ ಓದಿರಲಿಲ್ಲ.

ಆಮೇಲೆ ಚಿನ್ನಿ ಒಂದು ಉದ್ದದ ಧ್ವನಿ ಸಂದೇಶ ಕಳಿಸಿದಳು. ಅದನ್ನು ಪೂರ್ತಿ ಕೇಳಿದ್ದು ನಾನೊಬ್ಬನೇ ಇರಬೇಕು. ಇಡೀ ಜಗಳದಲ್ಲಿ ತಲೆಗೆ ಹೋಗುವಂಥ ಮಾತು ಇದ್ದಿದ್ದು ಅದರಲ್ಲೇ. ಲಾಟರಿ ಎತ್ತುವುದು ಟಿವಿಯಲ್ಲಿ ಅಲ್ಲ, ಅದಕ್ಕೂ ಮೊದಲು ಬಾಗಿಲು ಹಾಕಿದ ಕೋಣೆಯಲ್ಲಿ. ತಂಡಗಳ ಪ್ರತಿನಿಧಿಗಳು, ಪತ್ರಕರ್ತರು, ಒಂದು ಲೆಕ್ಕಪರಿಶೋಧನಾ ಸಂಸ್ಥೆಯವರು ಒಳಗೆ ಕೂತಿರುತ್ತಾರೆ, ಫೋನ್ ಹೊರಗೆ. 1ರಿಂದ 14ರ ತನಕ ಅಂಕಿ ಬರೆದ ಚೆಂಡುಗಳು ಯಂತ್ರದಲ್ಲಿ ಹಾರಾಡುತ್ತವೆ. ನಾಲ್ಕು ಚೆಂಡು ಹೊರಗೆ ಬರುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಲೆಕ್ಕ ಇಲ್ಲ. ಹೀಗೆ ಒಟ್ಟು 1001 ಜೋಡಣೆ ಸಾಧ್ಯ. ಒಂದನ್ನು ಬಿಟ್ಟು 1000ವನ್ನು ತಂಡಗಳಿಗೆ ಮೊದಲೇ ಹಂಚಿರುತ್ತಾರೆ. ಕಡೆಯ ಮೂರು ತಂಡಗಳಿಗೆ ತಲಾ 140. ಡಾಲಸ್‌ಗೆ ಇದ್ದಿದ್ದು 18. ಡಾಲಸ್, ಶಿಕಾಗೋ ಎರಡೂ 39 ಗೆದ್ದು 43 ಸೋತಿದ್ದವು. ಸಮ ಬಂದಿದ್ದಕ್ಕೆ ಬೇರೆ ಚೀಟಿ ಎತ್ತಿ ಡಾಲಸ್‌ಗೆ 18, ಶಿಕಾಗೋಗೆ 17 ಅಂತ ಮಾಡಿದ್ದರು. ಚೆಂಡುಗಳು ಆ 18ರಲ್ಲೇ ಒಂದನ್ನು ತೋರಿಸಿದವು.

ಸಂದೇಶದ ಕೊನೆಯಲ್ಲಿ ಅವಳು ಹೇಳಿದ್ದು ನನಗೆ ಇನ್ನೂ ರುಚಿಸಿತು. ಕಡೇ ಸ್ಥಾನದ ತಂಡ ಐದಕ್ಕೆ ಬೀಳುವ ಸಾಧ್ಯತೆ 100ಕ್ಕೆ 47.9. ಅಂದರೆ ಯೂಟಾಕ್ಕೆ ಆಗಿದ್ದು ಎಲ್ಲಕ್ಕಿಂತ ಹೆಚ್ಚು ಆಗಬಹುದಾಗಿದ್ದ ಸಂಗತಿ. 2023ರಲ್ಲಿ, 2024ರಲ್ಲಿ ಡೆಟ್ರಾಯ್ಟ್ ಕೂಡ ಕಡೇ ಸ್ಥಾನದಲ್ಲಿ ನಿಂತು ಎರಡು ಸಲವೂ ಐದಕ್ಕೇ ಬಿತ್ತು. ಮೊದಲು ಕಡೇ ತಂಡಕ್ಕೆ 100ಕ್ಕೆ 25ರ ಅವಕಾಶ ಇತ್ತು. ಫಿಲಡೆಲ್ಫಿಯಾ ಅದನ್ನೇ ನೆಚ್ಚಿಕೊಂಡು ವರ್ಷಗಟ್ಟಲೆ ಸೋತು, 2015-16ರಲ್ಲಂತೂ ಬರೀ 10 ಪಂದ್ಯ ಗೆದ್ದಿತು. ಬೇಕಂತ ಸೋಲುವವರನ್ನು ತಡೆಯೋಕೆ ಲೀಗ್ 2019ರಿಂದ ಅದನ್ನು 14ಕ್ಕೆ ಇಳಿಸಿತು. ಅಲ್ಲಿಂದ 2025ರ ತನಕ ಕಡೇ ಸ್ಥಾನದ ತಂಡಕ್ಕೆ ಒಂದು ಸಲವೂ ಮೊದಲ ಆಯ್ಕೆ ಸಿಕ್ಕಿಲ್ಲ. ಫಾರ್ವರ್ಡ್ ಬರೆದವರು ಕದ್ದುಮುಚ್ಚಿ ನಡೆದದ್ದನ್ನು ಹುಡುಕುತ್ತಿದ್ದಾರೆ. ಪುಟ್ಟನ ಹೊಟ್ಟೆ ಉರಿಸಿದ್ದು ಎಲ್ಲರೆದುರು ಬರೆದಿಟ್ಟ ನಿಯಮ.

ಚಿಕ್ಕಪ್ಪನ ಉತ್ತರ: ಟೈಪ್ ಮಾಡಿ ಹಾಕಮ್ಮ, ಇಯರ್‌ಫೋನ್ ಇಲ್ಲ.

ಗುಂಡಣ್ಣ ಇಲ್ಲಿ ನುಗ್ಗಿದರು. ಯೂಟಾ ಅಂದರೆ ಅವರಿಗೆ ಒಂದೇ ನೆನಪು, 1998ರ ಜೂನ್‌ನ ಆರನೇ ಫೈನಲ್ ಪಂದ್ಯ. ನಮ್ಮಲ್ಲಿ ಆಗ ಬೆಳಗಿನ ಹೊತ್ತು. ಕೇಬಲ್ ಇದ್ದ ಪಕ್ಕದ ಮನೆಯಲ್ಲಿ ಚಾಪೆ ಮೇಲೆ ಕೂತು ನೋಡಿದ್ದು. 5.2 ಸೆಕೆಂಡ್ ಉಳಿದಾಗ ಶಿಕಾಗೋದ ಮೈಕಲ್ ಜೋರ್ಡನ್ ಹೊಡೆದ ಶಾಟ್, 87-86, ಯೂಟಾ ಮನೆಗೆ. ಅಲ್ಲಿಂದ ಮೈಸೂರಿನ ಸಿಮೆಂಟ್ ಕೋರ್ಟು, ಬಲೆ ಇಲ್ಲದ ತುಕ್ಕು ಹಿಡಿದ ರಿಂಗು, ಕಂಠೀರವದಲ್ಲಿ ಆಡಿದ ಒಂದು ಅಂತರ ಕಾಲೇಜು ಪಂದ್ಯ. ಆ ಪಂದ್ಯದಲ್ಲಿ ಅವರು ಹಾಕಿದ ಪಾಯಿಂಟುಗಳು ಪ್ರತಿ ಸಲ ಹೇಳುವಾಗಲೂ ಏರುತ್ತವೆ.

ಆ ಹಳೇ ಪುರಾಣದ ಮಧ್ಯೆ ಒಂದು ಒಳ್ಳೇ ಮಾತು ಇತ್ತು.

ಗುಂಡಣ್ಣ: ಅಲ್ಲ ಕಣೋ ಪುಟ್ಟ, ಆ ಫೈನಲ್‌ಗೆ ನಿಮ್ಮ ತಂಡವನ್ನ ತಂದ ಇಬ್ಬರು ಯಾರು? ಸ್ಟಾಕ್ಟನ್ 1984ರಲ್ಲಿ 16ನೇ ಆಯ್ಕೆ, ಮಲೋನ್ 1985ರಲ್ಲಿ 13ನೇ ಆಯ್ಕೆ. ಅವರಿಬ್ಬರಿಗೋಸ್ಕರ ಯಾರೂ 65 ಪಂದ್ಯ ಸೋತಿರಲಿಲ್ಲ. ಐದನೇದು ಸಿಕ್ಕಿದ್ದಕ್ಕೆ ಅಳ್ತೀಯಲ್ಲ.

ಯಾರಾದರೂ ಉತ್ತರ ಕೊಡಬೇಕಾಗಿದ್ದ ಮಾತು ಇದೊಂದೇ. ಒಬ್ಬರೂ ಕೊಡಲಿಲ್ಲ. ಚಿಕ್ಕಮ್ಮ ಮಾತ್ರ "ನಮ್ಮ ದೇಶದವರು ಯಾರೂ ಇಲ್ವಾ ಅದರಲ್ಲಿ?" ಅಂದರು. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್‌ನನ್ನು 52ನೇ ಆಯ್ಕೆಯಾಗಿ ತೆಗೆದುಕೊಂಡಿದ್ದರು, ಡಾಲಸ್‌ನವರು, ಆದರೆ ಎನ್‌ಬಿಎ ಪಂದ್ಯ ಆಡುವ ಅವಕಾಶ ಸಿಗಲಿಲ್ಲ ಅಂತ ಪುಟ್ಟ ತಿಳಿಸಿದ.

ಚಿಕ್ಕಪ್ಪ: ನೋಡಿದ್ರಾ! ಆಗಲೂ ಡಾಲಸ್!

ಇಲ್ಲಿಗೇ ತಣ್ಣಗಾಗಬೇಕಿತ್ತು. ಪುಟ್ಟ ಅಪ್ಪನ ಮಾನ ಉಳಿಸೋಕೆ ಹೋಗಿ ಕೆಡಿಸಿದ. ಅನುಮಾನ ಹೊಸದೇನಲ್ಲ ಅಂತ 1985ರ ಮೊದಲ ಲಾಟರಿ ಕಥೆ ಬರೆದ. ಆಗ ಚೆಂಡು ಇರಲಿಲ್ಲ, ಏಳು ತಂಡಗಳಿಗೆ ಏಳು ಲಕೋಟೆ. ಕಮಿಷನರ್ ಡೇವಿಡ್ ಸ್ಟರ್ನ್ ಕೈ ಹಾಕಿ ಎತ್ತಿದರು. ನ್ಯೂಯಾರ್ಕ್‌ಗೆ ಆ ವರ್ಷ ಎಲ್ಲರಿಗೂ ಬೇಕಿದ್ದ ಪ್ಯಾಟ್ರಿಕ್ ಯೂಯಿಂಗ್ ಸಿಕ್ಕಿದ. ಆ ಲಕೋಟೆಯನ್ನು, ಮುಟ್ಟಿದರೆ ಗುರುತು ಸಿಗಲಿ ಅಂತ, ಫ್ರೀಜರಿನಲ್ಲಿಟ್ಟು ತಂದಿದ್ದರು ಅಂತ ಕೆಲವರು, ಅದರ ಮೂಲೆ ಮಡಚಿತ್ತು ಅಂತ ಕೆಲವರು, ಇವತ್ತಿಗೂ ಹೇಳುತ್ತಾರೆ.

ಯಾವತ್ತೂ ಮಾತಾಡದ ಅತ್ತೆ ಆಗ ಟೈಪ್ ಮಾಡತೊಡಗಿದರು. "ಟೈಪಿಂಗ್" ಅನ್ನುವುದು ತುಂಬಾ ಹೊತ್ತು ಕಾಣಿಸಿತು.

ಅತ್ತೆ: ಮೂಲೆ ಮಡಚಿದ ಚೀಟಿ ನಾವೂ ನೋಡಿದ್ದೇವೆ.

ಹಿನ್ನೆಲೆ ಇದು: ತಾತ ಹೋದ ಮೇಲೆ ಮಂಡ್ಯದ ಮನೆ ಜಾಗವನ್ನು ಮೂವರು ಗಂಡುಮಕ್ಕಳಿಗೆ ಚೀಟಿ ಎತ್ತಿ ಹಂಚಿದರು. ಚೀಟಿ ಬರೆದಿದ್ದು ದೊಡ್ಡಪ್ಪ. ಹಾಕಿದ್ದು ಹಿತ್ತಾಳೆ ಚೊಂಬಿಗೆ. ಎತ್ತಿದ್ದು ಮಗು ಅಂತ ಚಿನ್ನಿ. ರಸ್ತೆ ಕಡೆಯ ಜಾಗ ದೊಡ್ಡಪ್ಪನಿಗೆ ಬಂತು. ಹಳೇ ಬಾವಿ ಮುಚ್ಚಿದ ಕಡೆಯದು ಚಿಕ್ಕಪ್ಪನಿಗೆ. ಅಲ್ಲಿ ಕಟ್ಟಿದ ಗೋಡೆ ಪ್ರತಿ ಮಳೆಗಾಲಕ್ಕೂ ಬಿರುಕು ಬಿಡುತ್ತದೆ. ನಡುವಿನದು ನಮ್ಮಪ್ಪನಿಗೆ. ಅವರು ಗುಂಪಿನಲ್ಲಿ ನೀಲಿ ಟಿಕ್ ಬಿಟ್ಟು ಬೇರೇನೂ ತೋರಿಸುವವರಲ್ಲ.

ದೊಡ್ಡಪ್ಪ: ಏನು ಹೇಳಬೇಕು ಅಂತಿದ್ದೀಯೋ ನೇರವಾಗಿ ಹೇಳು ತಂಗಿ.

ಅತ್ತೆ: ನಾನೇನೂ ಹೇಳಿಲ್ಲಪ್ಪ. ಅಮೆರಿಕದ ವಿಷಯ ಮಾತಾಡ್ತಿದ್ದೆ.

ಚಿಕ್ಕಪ್ಪ: ಹೇಳಲಿ ಬಿಡಣ್ಣ. ಒಂದು ಚೀಟಿ ದಪ್ಪಗೆ ಮಡಚಿತ್ತು ಅಂತ ಅವತ್ತೇ ಅಮ್ಮನೂ ಅಂದಿದ್ದರು.

ದೊಡ್ಡಪ್ಪ: ಅಮ್ಮ ಹಾಗೆ ಅಂದಿಲ್ಲ. ಇದಕ್ಕೆ ಸಾಕ್ಷಿ ಏನು? ಮೂಲ ಎಲ್ಲಿ?

ಬೆಳಗ್ಗೆಯಿಂದ ಮಗಳು ಕೇಳುತ್ತಿದ್ದುದನ್ನು ಈಗ ಅಪ್ಪ ಕೇಳಿದರು. ಎಲ್ಲರೂ ಚಿನ್ನಿಯ ಕಡೆ ತಿರುಗಿದರು.

ಚಿನ್ನಿ: ನನಗೆ ಆಗ ಆರು ವರ್ಷ. ಕೈ ಹಾಕು ಅಂದ್ರಿ, ಹಾಕಿದೆ. ಎತ್ತಿದ ಮೇಲೆ ಕೈಗೆ ಕಲ್ಲುಸಕ್ಕರೆ ಕೊಟ್ರಿ.

ಚಿಕ್ಕಪ್ಪ: ಯಾರು ಕೊಟ್ಟಿದ್ದು?

ಚಿನ್ನಿ: ಚಿಕ್ಕಪ್ಪ, ನೀವೇ.

ಪಾಪ ಪುಟ್ಟ ಮತ್ತೆ ಸಮಾಧಾನಕ್ಕೆ ಬಂದ. ಯಂತ್ರವಾಗಲಿ ಚೊಂಬಾಗಲಿ, ಚೀಟಿ ಅಂದ ಮೇಲೆ ಅದೃಷ್ಟ, ನಮ್ಮ ತಂಡಕ್ಕೂ 100ಕ್ಕೆ 14 ಇತ್ತು, ಬರಲಿಲ್ಲ, ನಾವು ಬೇಜಾರು ಮಾಡ್ಕೊಂಡ್ವಾ ಅಂದ. ಬೆಳಗ್ಗೆ ಅತ್ತಿದ್ದು ಮರೆತಿದ್ದ.

ಅತ್ತೆ: ನಿಮ್ಮ ತಂಡಕ್ಕೆ 14 ಚೀಟಿಯಾದರೂ ಇತ್ತು ಮಗನೆ. ನಮ್ಮಿಬ್ಬರು ಅಕ್ಕತಂಗಿಯರ ಹೆಸರಲ್ಲಿ ಆ ಚೊಂಬಿನಲ್ಲಿ ಒಂದೂ ಇರಲಿಲ್ಲ. ಅರಿಶಿನ ಕುಂಕುಮಕ್ಕೆ ಅಂತ ಸೀರೆ ಕೊಟ್ಟು ಸಹಿ ಹಾಕಿಸಿಕೊಂಡ್ರಿ.

ಇದಕ್ಕೆ ಲಿಂಕ್ ಕೇಳುವ ಧೈರ್ಯ ಚಿನ್ನಿಗೂ ಬರಲಿಲ್ಲ. ಗುಂಡಣ್ಣ ಜೋರ್ಡನ್‌ನ ಒಂದು ವಿಡಿಯೋ ಹಾಕಿದರು. ಯಾರೂ ತೆರೆಯಲಿಲ್ಲ. ನಮ್ಮಪ್ಪ ಅವತ್ತು ಮೊದಲ ಸಲ ಅಲ್ಲಿ ಬರೆದರು: "ಅಕ್ಕ, ಭಾನುವಾರ ಮನೆಗೆ ಬರ್ತೀನಿ." ಅತ್ತೆ ಅದಕ್ಕೆ ಹೆಬ್ಬೆಟ್ಟು ತೋರಿಸಿದರು. ಅದು ಒಪ್ಪಿಗೆಯೋ ಕೋಪವೋ ಅಂತ ಚಿಕ್ಕಮ್ಮ ನನಗೆ ಬೇರೆ ಫೋನ್ ಮಾಡಿ ಕೇಳಿದರು.

ಜೂನ್ 25ರ ಡ್ರಾಫ್ಟ್ ನಮಗೆ 26ರ ಬೆಳಗ್ಗೆ ಬಂತು. ಡಾಲಸ್ ಫ್ಲಾಗ್‌ನ ಹೆಸರು ಕೂಗಿತು. ಯೂಟಾ ಐದನೆಯವನಾಗಿ ರಟ್ಗರ್ಸ್ ವಿಶ್ವವಿದ್ಯಾಲಯದ ಏಸ್ ಬೇಲಿಯನ್ನು ತೆಗೆದುಕೊಂಡಿತು. ಪುಟ್ಟ ಫೋಟೋ ಹಾಕಿ, ಇವನ ಕೈಯಲ್ಲಿ ಆಟ ಇದೆ, ಬೇರೆಯವರು ಬಿಟ್ಟಿದ್ದು ನಮ್ಮ ಪುಣ್ಯ ಅಂತ ಬರೆದ.

ಚಿನ್ನಿ: ಮೂರನೇ ಸ್ಥಾನದಲ್ಲಿದ್ದ ಫಿಲಡೆಲ್ಫಿಯಾದ ಟ್ರಯಲ್ಸ್‌ಗೆ ಬರಲ್ಲ ಅಂತ ರದ್ದು ಮಾಡಿದವನಲ್ವಾ ಇವನು?

ದೊಡ್ಡಪ್ಪ: ಕರೆದ ಕಡೆ ಹೋಗದವನು ಸಾಲ್ಟ್ ಲೇಕ್‌ಗೆ ಬರ್ತಾನಾ?

ಪುಟ್ಟ: ಬರದೆ ಏನು ಮಾಡ್ತಾನೆ ದೊಡ್ಡಪ್ಪ. ಇನ್ನು ಎರಡು ಮೂರು ವರ್ಷ ನೋಡ್ತಾ ಇರಿ. ಕೀಯಾಂಟೆ ಜಾರ್ಜ್, ವಾಕರ್ ಕೆಸ್ಲರ್, ಈಗ ಬೇಲಿ. ಎಲ್ಲ ಚಿಕ್ಕ ವಯಸ್ಸು. ಮುಂದಿನ ವರ್ಷ ಒಂದು ಒಳ್ಳೇ ಆಯ್ಕೆ ಸಿಕ್ಕಿಬಿಟ್ಟರೆ ಸಾಕು.

ಚಿನ್ನಿ: 2026ರದ್ದು ಮೊದಲ 8ರ ಒಳಗೆ ಬಂದರೆ ಮಾತ್ರ ನಿಮ್ಮದು. ಇಲ್ಲದಿದ್ದರೆ ಹಳೇ ಒಪ್ಪಂದದ ಪ್ರಕಾರ ಒಕ್ಲಹೋಮಾ ಸಿಟಿ ತಂಡಕ್ಕೆ ಹೋಗುತ್ತೆ. ಅವರು ಈ ವಾರವಷ್ಟೇ ಚಾಂಪಿಯನ್ ಆಗಿದ್ದಾರೆ.

ದೊಡ್ಡಪ್ಪ: ಅಂದರೆ ಮುಂದಿನ ವರ್ಷವೂ ಸೋಲಬೇಕಾ?

ಪುಟ್ಟ: ಜಾಸ್ತಿ ಅಲ್ಲ ದೊಡ್ಡಪ್ಪ. ಸ್ವಲ್ಪ.

ಚಿಕ್ಕಪ್ಪ: ದಂಡ ಎಷ್ಟು ಬೀಳುತ್ತೆ ಅಂತ ಮೊದಲೇ ವಿಚಾರಿಸಿಕೊಳ್ಳಪ್ಪ.