ಫ್ಯಾಂಟಮ್ ಬರೆದ ಲೀ ಫಾಕ್ ಯಾವತ್ತಾದ್ರೂ ಕಾಡು ನೋಡಿದ್ರಾ? ಗೊತ್ತಿದ್ದೋರು ಹೇಳಿ

ಹೊಸನಗರದವ:

ಎಲ್ರಿಗೂ ನಮಸ್ಕಾರ. ಹೋದ ವಾರ ಊರಿಗೆ ಹೋಗಿದ್ದೆ, ಅಟ್ಟ ಕ್ಲೀನ್ ಮಾಡ್ತಾ ಅಮ್ಮನ ಟ್ರಂಕಲ್ಲಿ ಒಂದು ಕಟ್ಟು ಸಿಕ್ತು. ಸುಧಾದಲ್ಲಿ ಬರ್ತಿದ್ದ ಫ್ಯಾಂಟಮ್ ಕಾಮಿಕ್ಸ್ ಪುಟಗಳನ್ನ ಮಾತ್ರ ಕತ್ತರಿಸಿ, ದಬ್ಬಣದಲ್ಲಿ ತೂತು ಹೊಡೆದು, ಗೋಣಿ ದಾರದಲ್ಲಿ ಹೊಲಿದು ಇಟ್ಟಿದಾರೆ, ಮೇಲಿನ ರಟ್ಟಿಗೆ ಹಳೇ ಕ್ಯಾಲೆಂಡರ್ ಹಾಳೆ ಅಂಟಿಸಿದಾರೆ. ನಮ್ಮೂರಿಗೆ ಮಳೆಗಾಲದಲ್ಲಿ ಬಸ್ ಬರದೇ ಇದ್ರೆ ಆ ವಾರದ ಸುಧಾನೂ ಇಲ್ಲ, ಹಾಗೆ ತಪ್ಪಿದ ವಾರಗಳಿಗೆ ಅಮ್ಮ ಒಂದೊಂದು ಖಾಲಿ ಹಾಳೆ ಸೇರಿಸಿದಾರೆ, ಅದ್ರಲ್ಲಿ ಪೆನ್ಸಿಲಲ್ಲಿ "ಇಲ್ಲಿ ಕಳ್ಳರು ಡಯಾನಾನ ದೋಣೀಲಿ ಹಾಕ್ಕೊಂಡು ಹೋದ್ರು" ಅಂತ ಬರೆದಿದೆ (ಡಯಾನಾ ಅಂದ್ರೆ ಫ್ಯಾಂಟಮ್ ಪ್ರೇಯಸಿ). ಬೇರೆ ಮನೆಯವರ ಹತ್ರ ಕೇಳಿ ಬರೀತಿದ್ರಂತೆ. ಅದನ್ನ ಓದಿ ಸ್ವಲ್ಪ ಹೊತ್ತು ಅಟ್ಟದಲ್ಲೇ ಕೂತ್ಬಿಟ್ಟೆ.

ಈಗ ನನ್ನ ಪ್ರಶ್ನೆ. ನಮ್ಮನೆ ಹಿತ್ತಲು ದಾಟಿದ್ರೆ ಕಾಡೇ, ಚಿಕ್ಕೋನಿದ್ದಾಗ ಫ್ಯಾಂಟಮ್ ಇರೋ ತಲೆಬುರುಡೆ ಗವಿ ನಮ್ಮ ಗುಡ್ಡದ ಆಚೆ ಇದೆ ಅಂತಾನೇ ನಂಬಿದ್ದೆ. ಈಗ ದೊಡ್ಡೋನಾಗಿ ಓದಿದ್ರೆ ಆ ಕಾಡಲ್ಲಿ ಸಿಂಹಾನೂ ಇದೆ ಹುಲೀನೂ ಇದೆ, ತೋಳ ಸಾಕಿದಾನೆ, ಬಿಳಿ ಕುದುರೆ ಇದೆ, ಕಡಲ್ಗಳ್ಳರು ಬರ್ತಾರೆ, ಕುಳ್ಳ ಜನ ವಿಷದ ಬಾಣ ಬಿಡ್ತಾರೆ. ಇದು ಭೂಮಿ ಮೇಲೆ ಎಲ್ಲಿರೋ ಕಾಡು? ಮೂಲೇಲಿ ಲೀ ಫಾಕ್ ಅಂತ ಹೆಸರಿದೆ. ಯಾರೀ ಮನುಷ್ಯ, ಇವ್ರು ಕಾಡಲ್ಲಿ ಇದ್ದೋರಾ? ಅಥವಾ ಎಲ್ಲ ಕಲ್ಪನೇನಾ? ಇನ್ನೊಂದು, ಮಗಳಿಗೆ 11 ವರ್ಷ, ಈ ಕಟ್ಟು ಅವಳ ಕೈಗೆ ಕೊಡಬೇಕು ಅಂತ ಆಸೆ. ಓದಿಸಬಹುದಾ?

ಪಟ್ಟಿಕಥೆ ಪ್ರೇಮಿ:

ಸರ್, ಮೊದ್ಲು ಆ ಕಟ್ಟನ್ನ ಟ್ರಂಕಲ್ಲಿ ವಾಪಸ್ ಇಡಬೇಡಿ, ಗೆದ್ದಲು ಹಿಡಿಯುತ್ತೆ, ಒಂದೊಂದು ಪುಟಾನೂ ಫೋಟೋ ತೆಗೆದು ಇಟ್ಕೊಳ್ಳಿ.

ನಿಮ್ಮ ಪ್ರಶ್ನೆಗೆ ಉತ್ತರ ತುಂಬಾ ಚೆನ್ನಾಗಿದೆ. ಬರೆಯೋಕೆ ಶುರು ಮಾಡಿದಾಗ ಅವ್ರು ಕಾಡು ಬಿಡಿ, ತಮ್ಮ ದೇಶಾನೇ ಸರಿಯಾಗಿ ನೋಡಿರ್ಲಿಲ್ಲ. ಲೀ ಫಾಕ್ ಹುಟ್ಟಿದ್ದು 1911ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸಲ್ಲಿ, ಹುಟ್ಟಿದಾಗಿನ ಹೆಸರು ಲಿಯಾನ್ ಹ್ಯಾರಿಸನ್ ಗ್ರಾಸ್. ಚಿಕ್ಕ ವಯಸ್ಸಿಂದ ಜಾದೂಗಾರರು ಅಂದ್ರೆ ಹುಚ್ಚು, ಸಾಹಸದ ಕಥೆ ಪುಸ್ತಕ ಅಂದ್ರೆ ಇನ್ನೂ ಹುಚ್ಚು. ಮ್ಯಾಂಡ್ರೇಕ್ ಅನ್ನೋ ಜಾದೂಗಾರನ ಕಥೆ ಬರೆದು, ಮೊದಲ ಎರಡು ವಾರದ ಚಿತ್ರಾನೂ ತಾನೇ ಬಿಡಿಸಿ, ಅದನ್ನ ಹಿಡ್ಕೊಂಡು ನ್ಯೂಯಾರ್ಕಿಗೆ ಹೋಗಿ ಪೇಪರುಗಳಿಗೆ ಕಾಮಿಕ್ಸ್ ಹಂಚೋ ಕಿಂಗ್ ಫೀಚರ್ಸ್ ಸಿಂಡಿಕೇಟಿಗೆ ಮಾರಿದ್ರು. ಪೇಪರಲ್ಲಿ ಬರೋಕೆ ಶುರುವಾಗಿದ್ದು 1934ರ ಜೂನ್ 11ಕ್ಕೆ, ಆಗ ಅವ್ರಿಗೆ 23 ವರ್ಷ. ಸಿಂಡಿಕೇಟಿಗೆ ತಮ್ಮ ಪರಿಚಯ ಕೊಡುವಾಗ, ನಾನು ಪ್ರಪಂಚ ಸುತ್ತಿದೀನಿ, ಪೂರ್ವ ದೇಶದ ಯೋಗಿಗಳ ಹತ್ರ ಕಲ್ತಿದೀನಿ ಅಂತ ಹೇಳ್ಕೊಂಡಿದ್ರು. ನಿಜ ಏನಂದ್ರೆ ಆ ನ್ಯೂಯಾರ್ಕ್ ಪ್ರಯಾಣಾನೇ ಅಲ್ಲೀತನಕ ಅವ್ರು ಮನೆಯಿಂದ ಅತಿ ದೂರ ಹೋಗಿದ್ದು. ಆಮೇಲೆ ಯಾರಾದ್ರೂ ಕೇಳಿಬಿಟ್ರೆ ಅನ್ನೋ ಅಳುಕಿಗೂ ಸೇರಿ ನಿಜವಾಗ್ಲೂ ಪ್ರಪಂಚ ಸುತ್ತಿದ್ರು.

ಅಂದ್ರೆ ಫ್ಯಾಂಟಮ್ ಕಾಡು ಪೂರ್ತಿ ಓದಿದ ಕಾಡು. 1936ರ ಫೆಬ್ರವರಿ 17ಕ್ಕೆ ಫ್ಯಾಂಟಮ್ ಶುರು. ಮೊದ್ಲು ಅವ್ರ ತಲೇಲಿ ಇದ್ದಿದ್ದು ಕಾಡೇ ಅಲ್ಲ, ಜಿಮ್ಮಿ ವೆಲ್ಸ್ ಅನ್ನೋ ಸಿಟಿಯ ಶ್ರೀಮಂತ ಹುಡುಗ, ಹಗಲು ಸೋಮಾರಿ, ರಾತ್ರಿ ಮುಖವಾಡ. ಕಥೆ ನಡೀತಾ ನಡೀತಾನೇ ಮನಸ್ಸು ಬದಲಾಯಿಸಿ ಕಾಡಿಗೆ ಕಳಿಸಿದ್ರು. ಆ ಸಿಟಿ ಶ್ರೀಮಂತನ ಐಡಿಯಾ ಮೂರು ವರ್ಷ ಆದ್ಮೇಲೆ ಬ್ಯಾಟ್‌ಮ್ಯಾನ್‌ ಹೆಸರಲ್ಲಿ ಬೇರೆಯವರ ಕೈಲಿ ಬಂತು ನೋಡಿ. ಅವ್ರಿಗೆ ಇಷ್ಟ ಇದ್ದಿದ್ದೆಲ್ಲ ಇಲ್ಲಿ ಬೆರೆತಿದೆ: ಆರ್ಥರ್ ರಾಜನ ಕಥೆ, ಸ್ಪೇನಿನ ವೀರ ಎಲ್ ಸಿಡ್, ಟಾರ್ಜನ್, ಕಿಪ್ಲಿಂಗ್‌ನ ಮೋಗ್ಲಿ. ಮೈಗಂಟಿದ ಬಟ್ಟೆ ರಾಬಿನ್ ಹುಡ್‌ದು. ಆ ಕುಳ್ಳ ಜನರ ಹೆಸರು ಬಾಂಡಾರ್ ಅಲ್ವಾ, ಮೋಗ್ಲಿ ಕಥೇಲಿ ಬರೋ ಕೋತಿಗಳ ಗುಂಪು ಬಂದರ್-ಲೋಗ್ ನೆನಪಿಸ್ಕೊಳ್ಳಿ. ಶುರುವಲ್ಲಿ ಆ ಕಾಡು ನಮ್ಮ ಏಷ್ಯಾ ಕಡೆಗೇ ಇತ್ತು, ಬರ್ತಾ ಬರ್ತಾ ಆಫ್ರಿಕಾ ಆಯ್ತು, ಅದಕ್ಕೇ ಎರಡೂ ಕಡೆಯ ಪ್ರಾಣಿಗಳು ಉಳ್ಕೊಂಡಿವೆ. ಈಡನ್ ದ್ವೀಪ ನಿಮ್ಮ ಕಟ್ಟಲ್ಲಿ ಇದ್ರೆ ನೋಡಿ, ಅಲ್ಲಿ ಹುಲಿ ಸಿಂಹ ಜಿಂಕೆ ಒಟ್ಟಿಗೇ ಇರ್ತವೆ, ಹುಲಿ ಸಿಂಹಕ್ಕೆ ಮರಿ ಇದ್ದಾಗಿಂದ ಫ್ಯಾಂಟಮ್ ಮೀನು ತಿನ್ನೋ ಅಭ್ಯಾಸ ಮಾಡಿಸಿದಾನೆ. ಚಿಕ್ಕೋನಿದ್ದಾಗ ಆ ದ್ವೀಪಕ್ಕೆ ಹೋಗಬೇಕು ಅಂತ ಎಷ್ಟು ಆಸೆ ಇತ್ತು ಅಂದ್ರೆ ಈಗಲೂ ಇದೆ.

ಕಣ್ಣಿನ ವಿಷಯ ಮಾತ್ರ ಹೇಳಿ ಮುಗಿಸ್ತೀನಿ. ಮುಖವಾಡದೊಳಗೆ ಕಣ್ಣಪಾಪೆ ಬಿಡಿಸಿಲ್ಲ ಅಲ್ವಾ, ಬರೀ ಬಿಳಿ. ಗ್ರೀಕ್ ಶಿಲ್ಪಗಳಲ್ಲಿ ಕಣ್ಣಪಾಪೆ ಇರಲ್ಲ, ಅದಕ್ಕೇ ಅವು ಮನುಷ್ಯರ ಥರ ಕಾಣಲ್ಲ ಅಂತ ಫಾಕ್ ಗಮನಿಸಿ ತಂದಿದ್ದು ಅದು. ಇವತ್ತು ಎಷ್ಟು ಸೂಪರ್‌ಹೀರೋಗಳಿಗೆ ಹಾಗೇ ಬಿಡಿಸ್ತಾರೆ, ಅದರ ಮೂಲ ನಿಮ್ಮಮ್ಮನ ಕಟ್ಟಲ್ಲಿದೆ.

ನೇಪಥ್ಯ:

ಮೇಲಿನೋರು ಎಲ್ಲ ಹೇಳಿ ಮುಖ್ಯವಾದ್ದೇ ಬಿಟ್ರಲ್ಲ! ಲೀ ಫಾಕ್ ನಾಟಕದೋರು ಕಣ್ರೀ. ನಾನು ಇಪ್ಪತ್ತು ವರ್ಷದಿಂದ ಹವ್ಯಾಸಿ ತಂಡದಲ್ಲಿ ಇದೀನಿ, ಹಾಗಾಗಿ ಇದನ್ನ ಹೇಳಲೇಬೇಕು. ಆ ಮನುಷ್ಯ ದಿನಾ ಎರಡೆರಡು ಕಾಮಿಕ್ಸಿಗೆ ಕಥೆ ಬರೀತಾನೇ ಬೇಸಿಗೆ ಥಿಯೇಟರುಗಳನ್ನ ನಡೆಸ್ತಿದ್ರು, ಸುಮಾರು 300 ನಾಟಕ ನಿರ್ಮಾಣ ಮಾಡಿದಾರೆ, 100ರಷ್ಟು ನಿರ್ದೇಶನ ಮಾಡಿದಾರೆ, ಹನ್ನೆರಡು ತಾವೇ ಬರೆದಿದಾರೆ. ಬರ್ನಾರ್ಡ್ ಶಾ ಅವರ ಆರ್ಮ್ಸ್ ಅಂಡ್ ದಿ ಮ್ಯಾನ್ ನಾಟಕದಲ್ಲಿ ಹಾಲಿವುಡ್ ನಟ ಮಾರ್ಲನ್ ಬ್ರ್ಯಾಂಡೊ ನಟಿಸಿದ್ದು ಇದೇ ಫಾಕ್ ನಿರ್ಮಾಣದಲ್ಲಿ, 1953ರಲ್ಲಿ. ಹೆಂಡತಿ ಎಲಿಜಬೆತ್ ಮಾಕ್ಸ್ಲಿ ಕೂಡ ನಾಟಕ ನಿರ್ದೇಶಕಿ.

ಇದು ಗೊತ್ತಾದ್ಮೇಲೆ ಕಾಮಿಕ್ಸ್ ತೆಗೆದು ನೋಡಿ, ಬೇರೇನೇ ಕಾಣುತ್ತೆ. ದಿನದ ಪಟ್ಟಿ ಅಂದ್ರೆ ಮೂರು ಚೌಕ ಅಂತಿಟ್ಕೊಳ್ಳಿ. ಮೊದಲನೇ ಚೌಕದಲ್ಲಿ ನಿನ್ನೆ ಏನಾಯ್ತು ಅನ್ನೋದು ಮಾತಲ್ಲೇ ಗೊತ್ತಾಗಬೇಕು, ಆದ್ರೆ ನಿನ್ನೆ ಓದಿದೋರಿಗೆ ಬೇಜಾರಾಗಬಾರದು, ಎರಡನೇದ್ರಲ್ಲಿ ಕಥೆ ಒಂದು ಹೆಜ್ಜೆ ಮುಂದೆ, ಮೂರನೇದ್ರಲ್ಲಿ ಬಾಗಿಲು ತೆಗೀತು, ಅಲ್ಲಿಗೆ ನಿಲ್ಲಿಸಬೇಕು. ನಾಟಕದಲ್ಲಿ ದೃಶ್ಯ ಕಟ್ಟೋದೂ ಹೀಗೇನೇ, ಲೇಟಾಗಿ ಬಂದು ಕತ್ತಲಲ್ಲಿ ತಡಕಾಡ್ಕೊಂಡು ಸೀಟು ಹುಡುಕೋನಿಗೂ ಎರಡು ಮಾತಲ್ಲಿ ಕಥೆ ಸಿಗಬೇಕು. ಫಾಕ್ ಎಷ್ಟೋ ಸಲ ಫ್ಯಾಂಟಮನ್ನ ತೋರಿಸೋದೇ ಇಲ್ಲ. ಹೆಂಡದಂಗಡೀಲಿ ನಾಲ್ಕು ಜನ ಪುಂಡರು ಕೂತು ಅವನ ಬಗ್ಗೆ ಮಾತಾಡ್ತಾರೆ, ಒಬ್ಬ ನಗ್ತಾನೆ, ಇನ್ನೊಬ್ಬನ ದವಡೆ ಮೇಲೆ ಫ್ಯಾಂಟಮ್ ಉಂಗುರದ ತಲೆಬುರುಡೆ ಗುರುತು ಇದೆ, ಅವನು ಮಾತ್ರ ನಗಲ್ಲ. ಅಷ್ಟೇ. ದೊಡ್ಡ ಪಾತ್ರ ಬರೋ ಮುಂಚೆ ಅದರ ಭಯ ಬರಬೇಕು ಅಂತ ನಮ್ಮ ಮೇಷ್ಟ್ರು ಹೇಳ್ತಿದ್ರು, ನನಗೆ ಅದು ಅರ್ಥ ಆಗಿದ್ದು ರಂಗದ ಮೇಲಲ್ಲ, ಫ್ಯಾಂಟಮ್ ಓದುವಾಗ.

ಹೊಸನಗರದ ಅಣ್ಣ, ನಿಮ್ಮಮ್ಮ ತಪ್ಪಿದ ವಾರಾನ ಒಂದೇ ಸಾಲಲ್ಲಿ ತುಂಬಿಸಿದ್ರು ಅಂದ್ರಲ್ಲ, ಅದು ಸಾಧ್ಯ ಆಗಿದ್ದು ಬರೆದೋನು ಆ ಥರ ಕಟ್ಟಿದ್ದಕ್ಕೆ. ನಿಮ್ಮಮ್ಮಂಗೆ ನನ್ನ ನಮಸ್ಕಾರ ಹೇಳಿ.

ಅರ್ಧ ಓದಿದವ:

ಎಲ್ಲ ಸರಿ, ಆದ್ರೆ ಮಗಳಿಗೆ ಓದಿಸಬಹುದಾ ಅಂತ ಕೇಳಿದಾರೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನನಗೂ ಫ್ಯಾಂಟಮ್ ಇಷ್ಟ, ಇಷ್ಟ ಇರೋದಕ್ಕೇ ಹೇಳ್ತೀನಿ. ಒಬ್ಬ ಬಿಳಿಯ ಕಾಡಿಗೆ ಬಂದು 400 ವರ್ಷ ತಲೆತಲಾಂತರದಿಂದ ಅಲ್ಲಿನ ಜನರನ್ನ ಕಾಪಾಡ್ತಾನೆ, ಅಲ್ಲಿನೋರಿಗೆ ತಮ್ಮ ಕಾಡು ಕಾಯೋಕೆ ಬರಲ್ಲ ಅನ್ನೋ ಹಾಗೆ. ಮ್ಯಾಂಡ್ರೇಕ್‌ದು ಇನ್ನೂ ಬೇಜಾರು, ಅವನ ಜೊತೆಗಿರೋ ಆಫ್ರಿಕಾದ ಲೋಥಾರ್ ಒಂದು ರಾಜ್ಯದ ರಾಜಕುಮಾರ, ಪ್ರಪಂಚದಲ್ಲೇ ಬಲಶಾಲಿ, ಆದ್ರೆ ಹಳೇ ಕಥೆಗಳಲ್ಲಿ ಚಿರತೆ ಚರ್ಮ ಸುತ್ಕೊಂಡು ತೊದಲು ಇಂಗ್ಲಿಷಲ್ಲಿ ಮಾತಾಡ್ಕೊಂಡು ಮಾಲೀಕನ ಹಿಂದೆ ನಿಂತಿರ್ತಾನೆ. ಇದನ್ನ ಮಗು ಪಕ್ಕ ಕೂತು ಹೇಳಿಕೊಡಬೇಕು, ಸುಮ್ನೆ ಕೈಗೆ ಕೊಟ್ಟು ಎದ್ದು ಹೋಗೋದಲ್ಲ.

ಆದ್ರೆ ಫಾಕ್ ಅಲ್ಲೇ ನಿಲ್ಲಲಿಲ್ಲ ಅನ್ನೋದು ನನಗೆ ತುಂಬಾ ಮುಖ್ಯ ಅನ್ಸುತ್ತೆ. ಮ್ಯಾಂಡ್ರೇಕ್ ಬಿಡಿಸ್ತಿದ್ದ ಫಿಲ್ ಡೇವಿಸ್ 1964ರಲ್ಲಿ ತೀರಿಕೊಂಡ್ರು, ಆಮೇಲೆ ಫ್ರೆಡ್ ಫ್ರೆಡರಿಕ್ಸ್ ಬಂದ್ರು, ಆಗ ಲೋಥಾರನ ಬಟ್ಟೆ ಬದಲಾಯ್ತು, ಮಾತು ಎಲ್ಲರ ಥರ ಆಯ್ತು, ಆಳಿನ ಜಾಗದಿಂದ ಗೆಳೆಯನ ಜಾಗಕ್ಕೆ ಬಂದ. ಫ್ಯಾಂಟಮ್ ಕಾಡಿನ ದೇಶಾನೂ ಸ್ವತಂತ್ರ ಆಯ್ತು, ಲಮಾಂಡಾ ಲುವಾಗಾ ಅನ್ನೋ ಕಪ್ಪು ಡಾಕ್ಟರು ಅಲ್ಲಿನ ಪ್ರೆಸಿಡೆಂಟ್ ಆದ್ರು. ಡಯಾನಾ ವಿಶ್ವಸಂಸ್ಥೆ ಕೆಲಸಕ್ಕೆ ಹೋಗ್ತಾಳೆ, ಪ್ರತೀ ಸಲ ಅಳ್ತಾ ಕೂರೋ ಹೆಣ್ಣಲ್ಲ. 40 ವರ್ಷ ಕಾಯಿಸಿ 1977ರಲ್ಲಿ ಮದುವೆ ಮಾಡಿಸಿದ್ರು. 22ನೇ ವಯಸ್ಸಲ್ಲಿ ಬರೆದಿದ್ದನ್ನ 60ರಲ್ಲಿ ಕೂತು ತಿದ್ದೋದು ಸುಲಭ ಅಲ್ಲ, ಓದುಗರು ಹಳೇದೇ ಬೇಕು ಅಂತಾರೆ. ನಾನಾಗಿದ್ರೆ ಎರಡೂ ತೋರಿಸ್ತೀನಿ, ಮೊದ್ಲಿನ ಲೋಥಾರ್, ಆಮೇಲಿನ ಲೋಥಾರ್, ಏನು ಬದಲಾಗಿದೆ ನೀನೇ ಹೇಳು ಅಂತ.

ಪಟ್ಟಿಕಥೆ ಪ್ರೇಮಿ:

ಒಪ್ಪಿದೆ, ಇದು ನಾನು ಹೇಳಬೇಕಿತ್ತು, ತಪ್ಪಾಯ್ತು.

ಇದಕ್ಕೆ ಸೇರ್ಕೊಂಡೇ ಒಂದು ವಿಷಯ. ಟೈಮ್ಸ್ ಆಫ್ ಇಂಡಿಯಾದೋರು 1964ರ ಮಾರ್ಚಲ್ಲಿ ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದ್ರಲ್ಲ, ಅದು ಕನ್ನಡದಲ್ಲೂ ಬರ್ತಿತ್ತು, ಅಲ್ಲಿ ಹೆಸರುಗಳನ್ನ ಬದಲಾಯಿಸಿದ್ರು. ಮೂಲದಲ್ಲಿ ಕಡಲ್ಗಳ್ಳರ ಹೆಸರು ಸಿಂಗ್, ಇಲ್ಲಿ ಸಿಂಗಾ ಆಯ್ತು, ದೇಶದ ಹೆಸರು ಬೆಂಗಾಲಿ ಅಂತಿದ್ದಿದ್ದು ಡೆಂಕಾಲಿ ಆಯ್ತು. ಫ್ಯಾಂಟಮ್ ಅಪ್ಪನ್ನ ಕೊಂದ ಖಳನ ಹೆಸರು ರಾಮ, ಅದನ್ನ ಹಾಗೇ ಅಚ್ಚು ಮಾಡೋಕಾಗುತ್ತಾ, ರಾಮಾಲು ಮಾಡಿದ್ರು. ಸೇಂಟ್ ಲೂಯಿಸಲ್ಲಿ ಕೂತು ಭಾರತದ ಹೆಸರು ಕೇಳಿದ್ದೇ ಇಟ್ಟ ಹುಡುಗ, ಅದು ಒಂದಿನ ಭಾರತದ ಮಕ್ಕಳೇ ಓದ್ತಾರೆ ಅಂತ ಅಂದ್ಕೊಂಡಿರ್ಲಿಕ್ಕಿಲ್ಲ. ಆಗ ಟೈಮ್ಸಿನ ಪುಸ್ತಕ ವಿಭಾಗದಲ್ಲಿ ಕೆಲಸಕ್ಕಿದ್ದೋರು ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಫ್ಯಾಂಟಮ್ ಹೇಗೆ ಖರ್ಚಾಗುತ್ತೆ ಅಂತ ಹತ್ರದಿಂದ ನೋಡಿದ ಅದೇ ಪೈ ಅವರು 1967ರಲ್ಲಿ ಅಮರ ಚಿತ್ರ ಕಥೆ ಹಿಡಿದ್ರು. ನಮ್ಮ ಮನೇಲಿ ಎರಡೂ ಒಂದೇ ಕಪಾಟಲ್ಲಿ ಇರ್ತಿತ್ತು.

ಪಪುವಾ ನ್ಯೂಗಿನಿಯ ಬೆಟ್ಟದ ಜನ ಯುದ್ಧದ ಗುರಾಣಿ ಮೇಲೆ ಫ್ಯಾಂಟಮ್ ಚಿತ್ರ ಬರೀತಿದ್ರು, ಗೊತ್ತಾ? ಸಾವಿಲ್ಲದೋನು ಕಾಪಾಡ್ತಾನೆ ಅಂತ. ಮ್ಯೂಸಿಯಮ್ಮುಗಳಲ್ಲಿ ಅವು ಇವೆ, ಫೋಟೋ ಹುಡುಕಿ ನೋಡಿ. ಕಾಡಿನ ಜನಕ್ಕೆ ಈ ಕಥೆ ಏನಾಗಿ ತಲುಪಿತು ಅನ್ನೋದಕ್ಕೆ ಅದೂ ಒಂದು ಉತ್ತರ.

ನೇಪಥ್ಯ:

ಗುರಾಣಿ ಫೋಟೋ ನೋಡಿದೆ, ಮೈ ಜುಂ ಅಂತು.

ಸಿನಿಮಾ ವಿಷಯಾನೂ ಒಂದು ಹೇಳ್ಬಿಡ್ತೀನಿ. ಇಟಲಿಯ ಸಿನಿಮಾ ನಿರ್ದೇಶಕ ಫೆಲಿನಿ ಇದ್ರಲ್ಲ, ಅವ್ರು ಮ್ಯಾಂಡ್ರೇಕ್ ಅಭಿಮಾನಿ, ಫಾಕ್ ಅವರ ಗೆಳೆಯರು, ನಟ ಮಾಸ್ತ್ರೊಯಾನಿನ ಹಾಕ್ಕೊಂಡು ಮ್ಯಾಂಡ್ರೇಕ್ ಸಿನಿಮಾ ಮಾಡಬೇಕು ಅಂತ ಆಸೆ ಇತ್ತು, ಆಗಲಿಲ್ಲ. ಕೊನೆಗೆ 1987ರ ಇಂಟರ್ವಿಸ್ಟಾ ಸಿನಿಮಾದಲ್ಲಿ ಮಾಸ್ತ್ರೊಯಾನಿ ಮ್ಯಾಂಡ್ರೇಕ್ ವೇಷದಲ್ಲಿ ಬಂದು ಹೋಗ್ತಾರೆ. ವಯಸ್ಸಾಗಿದೆ, ಟೋಪಿ, ಹೆಗಲ ಮೇಲೆ ಆ ಬಟ್ಟೆ, ಕೈಲಿ ಕೋಲು. ಆ ದೃಶ್ಯ ನೋಡುವಾಗ ನನಗೆ ಕಣ್ಣು ತುಂಬಿ ಬಂತು.

ಹೊಸನಗರದವ:

ಇಷ್ಟೆಲ್ಲ ಸಿಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಭಾನುವಾರ ಮಗಳ ಪಕ್ಕ ಕೂತು ಓದಿಸಿದೆ. ಅವಳು ಕೇಳಿದ ಮೊದಲ ಪ್ರಶ್ನೆ, ಕಾಡಿನೋರೇ ಯಾಕೆ ಫ್ಯಾಂಟಮ್ ಆಗಬಾರದು ಅಂತ. ಅರ್ಧ ಓದಿದವರೇ, ನೀವು ಹೇಳಿದ್ದನ್ನ ಅವಳೇ ಹೇಳಿಬಿಟ್ಲು. ನಾನು ಲುವಾಗಾ ಕಥೆ ಹೇಳಿದೆ, ಸ್ವಲ್ಪ ಸಮಾಧಾನ ಆಯ್ತು, ಪೂರ್ತಿ ಆಗಲಿಲ್ಲ. ಅಮ್ಮಂಗೆ ಫೋನ್ ಮಾಡಿ, ಬರೆದೋರು ಮನೆಯಿಂದ ದೂರ ಹೋಗದೇನೇ ಕಾಡು ಬರೆದಿದ್ರಂತೆ ಅಂದೆ. ಅದಕ್ಕೆ ಅಮ್ಮ, "ನಾನೇನು ಸಮುದ್ರ ನೋಡಿದ್ನಾ, ದೋಣೀಲಿ ಹಾಕ್ಕೊಂಡು ಹೋದ್ರು ಅಂತ ಬರೀಲಿಲ್ವಾ" ಅಂದ್ರು.

ಈಗ ಒಂದು ಸಹಾಯ ಬೇಕು. ಕಟ್ಟಲ್ಲಿ ಒಂದು ಹಾಳೆ ಮಾತ್ರ ಪೂರ್ತಿ ಖಾಲಿ ಇದೆ, ಅಮ್ಮಂಗೆ ಆ ವಾರದ ಕಥೆ ಯಾರ ಮನೇಲೂ ಸಿಕ್ಕಿರ್ಲಿಲ್ಲ. ಹಿಂದಿನ ಪುಟದಲ್ಲಿ ಫ್ಯಾಂಟಮ್ ಕೈ ಕಟ್ಟಿ ಹಡಗಿಂದ ನೀರಿಗೆ ತಳ್ತಾರೆ, ಮುಂದಿನ ಪುಟದಲ್ಲಿ ಕುದುರೆ ಮೇಲೆ ಬರ್ತಾ ಇದಾನೆ. ಮಧ್ಯೆ ಹೇಗೆ ತಪ್ಪಿಸ್ಕೊಂಡ ಅಂತ ಮಗಳು ನಿನ್ನೆಯಿಂದ ಪ್ರಾಣ ತಿಂತಿದಾಳೆ. ಹಳೇ ಸುಧಾ ಬೈಂಡ್ ಮಾಡಿಸಿ ಇಟ್ಟಿರೋರು ಯಾರಾದ್ರೂ ಇದೀರಾ?

ಪಟ್ಟಿಕಥೆ ಪ್ರೇಮಿ:

ನಮ್ಮ ಮಾವನ ಮನೇಲಿ ಎಂಟತ್ತು ಬೈಂಡ್ ಇವೆ ಸರ್. ಆ ಎರಡೂ ಪುಟದ ಫೋಟೋ ಹಾಕಿ, ಹಿಂದುಗಡೆ ಏನು ಅಚ್ಚಾಗಿದೆ ಅದನ್ನೂ ಹಾಕಿ, ಜಾಹೀರಾತು ಏನಾದ್ರೂ ಇದ್ರೆ ವರ್ಷ ಹಿಡೀಬಹುದು. ಶನಿವಾರ ಹೋಗಿ ಹುಡುಕ್ತೀನಿ.