ಶಾರ್ಟ್‌ವೇವ್‌ನಲ್ಲಿ ನಮ್ಮೂರ ಹಾಡು: ಮಾಡಿ ನೋಡಿದವರಿದ್ದರೆ ಅನುಭವ ಹೇಳಿ

ಹೀರಾಪುರದ ಹುಡುಗ, ಕಲಬುರಗಿ:
ಎಲ್ಲರಿಗೂ ನಮಸ್ಕಾರ. ಶಾರ್ಟ್‌ವೇವ್ ರೇಡಿಯೊದಲ್ಲಿ ವಾರಕ್ಕೆ ಅರ್ಧ ಗಂಟೆಯ ಕಾರ್ಯಕ್ರಮ ನಡೆಸಬೇಕೆಂದಿದ್ದೇನೆ. ಯಾವ ಕ್ಯಾಸೆಟ್ ಕಂಪನಿಯೂ ಮುಟ್ಟದ ಹಾಡುಗಳು: ರಿಂಗ್ ರಸ್ತೆಯ ಹುಡುಗರು ಕನ್ನಡಕ್ಕೆ ದಖನಿ ಉರ್ದು ಬೆರೆಸಿ ಕಟ್ಟುವ ರ‍್ಯಾಪ್, ಅಲಾಯಿ (ಮೊಹರಂ) ಹಬ್ಬದ ರಿವಾಯತ್ ಪದ, ಏಕತಾರಿಯ ತತ್ವಪದ. ನಿರೂಪಣೆ ನನ್ನದೇ. ಕೈಯಲ್ಲಿ ಮೂವತ್ತು ಸಾವಿರ ರೂಪಾಯಿ ಇದೆ, ಮಾಳಿಗೆಯ ಮೇಲೆ ಒಂದು ಕೋಣೆ ಇದೆ. ಬಿತ್ತರಿಸುವ ಯಂತ್ರ ನಾನೇ ಕಟ್ಟಲೇ, ಹೊರದೇಶದ ಕೇಂದ್ರದಲ್ಲಿ ಸಮಯ ಕೊಳ್ಳಲೇ? ಒಂದು ನಿಮಿಷದ ಮಾದರಿ ಧ್ವನಿಯನ್ನೂ ಹಾಕಿದ್ದೇನೆ, ಕೇಳಿ.

ಸುಟ್ಟ ಮಾಸ್‌ಫೆಟ್, ಕಲಬುರಗಿ:
ತಮ್ಮಾ, ಕಟ್ಟುವ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಪರವಾನಗಿ ಉಳ್ಳವನು. ಪರೀಕ್ಷೆ ಪಾಸಾದ ಮೇಲೆ ಕಾಗದ ಕೈಗೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹೈದರಾಬಾದಿನ ಅಶರ್ ಫರ್ಹಾನ್ ಅವರ ಬಿಟ್‌ಎಕ್ಸ್ ಎಂಬ ರೇಡಿಯೊ ನಕ್ಷೆ ಹಿಡಿದು 40 ಮೀಟರ್ ತರಂಗದ ಪಟ್ಟಿಗೆ ಯಂತ್ರ ಕಟ್ಟಿದೆ. ಲೆಕ್ಕದ ಪುಸ್ತಕ ಈಗಲೂ ಇದೆ. ಐಆರ್‌ಎಫ್ 510 ಎಂಬ ಮಾಸ್‌ಫೆಟ್ ಟ್ರಾನ್ಸಿಸ್ಟರ್ ಹನ್ನೊಂದು, ತಲಾ 45 ರೂಪಾಯಿ. ಒಂಬತ್ತು ಸುಟ್ಟವು. ಅವುಗಳಲ್ಲಿ ನಾಲ್ಕು ಒಂದೇ ರಾತ್ರಿ, ಆಂಟೆನಾ ಕಡಿದಿದ್ದು ಗೊತ್ತಾಗದೆ. ಡೈಪೋಲ್ ಆಂಟೆನಾಕ್ಕೆ 66 ಅಡಿ ತಾಮ್ರದ ತಂತಿ ಎಳೆದಿದ್ದೆ, ಮಂಗಗಳು ಜೋತುಬಿದ್ದು ಮೂರು ಸಲ ಹರಿದವು. ಪ್ರತಿ ಸಲವೂ ಹೊಸ ತಂತಿ, ಹೊಸ ಬಿದಿರು, ಪಕ್ಕದ ಮನೆಯವರಿಗೆ ಹೊಸ ಸಮಜಾಯಿಷಿ. ಮೇ ತಿಂಗಳಲ್ಲಿ ತಗಡಿನ ಕೋಣೆಯಲ್ಲಿ ಬೆಸುಗೆಗೆ ಕುಳಿತರೆ ಯಂತ್ರ ಹಚ್ಚುವ ಮೊದಲೇ ಹೀಟ್‌ಸಿಂಕ್ ಕೈ ಸುಡುತ್ತಿತ್ತು. ಒಟ್ಟು ಖರ್ಚು 23,640 ರೂಪಾಯಿ. ಮನೆಯಲ್ಲಿ ಹೇಳಿದ್ದು ಒಂಬತ್ತು ಸಾವಿರ.

ಹ್ಯಾಮ್ ಪರವಾನಗಿಯಲ್ಲಿ ಸಂಗೀತ ಹಾಕುವಂತಿಲ್ಲ, ಅದು ಗೊತ್ತಿರುವ ವಿಷಯ. ಗೊತ್ತಿದ್ದೂ ಒಂದು ರಾತ್ರಿ ನಲವತ್ತು ಸೆಕೆಂಡ್ ತತ್ವಪದ ಬಿಟ್ಟೆ. ಕೂಡಲೇ ಯಾರೋ ಹಿರಿಯರು ಅದೇ ತರಂಗಾಂತರಕ್ಕೆ ಬಂದು, ನನ್ನ ಕರೆಸಂಕೇತ ಹಿಡಿದು ಹತ್ತು ನಿಮಿಷ ಬೈದರು. ನನ್ನ ಸಂಗೀತ ಕಾರ್ಯಕ್ರಮಕ್ಕೆ ಸಿಕ್ಕ ಏಕೈಕ ಶ್ರೋತೃ ಅವರೇ. ಏಕತಾರಿ ಸ್ಪಷ್ಟವಾಗಿ ಕೇಳಿಸಿತು ಎಂದೂ ಅಂದರು. ಅಂದಿನಿಂದ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟಿದ್ದೇನೆ. ಆದರೆ ಕೈಯಾರೆ ಕಟ್ಟಿದ್ದು. ಆ ಸುಖ ದುಡ್ಡು ಕೊಟ್ಟು ಸಮಯ ಕೊಳ್ಳುವವರಿಗೆ ಸಿಗುವುದಿಲ್ಲ.

ಬೀದರಿನ ಅಕ್ಕ:
ಕೊಂಡವಳು ನಾನು. ಇಪ್ಪತ್ತಾರು ವಾರ, ವಾರಕ್ಕೆ ಅರ್ಧ ಗಂಟೆ, ಜರ್ಮನಿಯ ಒಂದು ಖಾಸಗಿ ಕೇಂದ್ರದಿಂದ, 49 ಮೀಟರ್ ಪಟ್ಟಿಯಲ್ಲಿ. ವಾರಕ್ಕೆ ಹದಿನೈದು ಯೂರೊ. ಬ್ಯಾಂಕಿನವರು ವಿದೇಶಿ ಹಣಕ್ಕೆಂದು ಶೇಕಡಾ ಮೂರೂವರೆ ಕಿತ್ತುಕೊಳ್ಳುತ್ತಾರೆ, ಆ ಮೂರೂವರೆಯ ಮೇಲೆ ಹದಿನೆಂಟು ಜಿಎಸ್‌ಟಿ. ಮೊದಲ ತಿಂಗಳು ಇದು ತಿಳಿಯದೆ ಬ್ಯಾಂಕಿಗೆ ಹೋಗಿ ಜಗಳವಾಡಿ ಬಂದೆ.

ಅದಕ್ಕಿಂತ ದೊಡ್ಡ ಪೆಟ್ಟು ಧ್ವನಿಯದು. ನಾಲ್ಕೂವರೆ ಕಿಲೊಹರ್ಟ್ಸ್‌ಗಿಂತ ಮೇಲಿನದೆಲ್ಲ ಅಲ್ಲಿ ಕತ್ತರಿಗೆ ಸಿಗುತ್ತದೆ. ಭಜನೆಯ ತಾಳದ ಕಿಣಿಕಿಣಿ ಹೋಯಿತು, ಡಪ್ಪಿನ ಏಟು ಮುದ್ದೆ ಬಿದ್ದ ಹಾಗೆ ಕೇಳಿಸಿತು. ಒಂದು ರಿವಾಯತ್ ಪದವನ್ನು ಹದಿನೇಳು ಸಲ ತಿದ್ದಿ ಕಳುಹಿಸಿದ್ದೇನೆ. ಮಂದ್ರವನ್ನು ಇಳಿಸಿ ನಡುವಿನ ದನಿಯನ್ನು ಮುಂದೆ ತಂದ ಮೇಲೆ ಹಾಡುವವನ ಕಂಠ ಎದ್ದು ಬಂತು.

ಮಾರ್ಚ್ ಕೊನೆಯ ಭಾನುವಾರ ಯೂರೋಪಿನವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ನನಗೆ ನೆನಪಾಗಲಿಲ್ಲ. ಅಲ್ಲಿನ ರಾತ್ರಿ ಎಂಟು ಗಂಟೆ ಅಲ್ಲಿಯವರೆಗೆ ನಮಗೆ ಹನ್ನೆರಡೂವರೆಯಾಗಿತ್ತು, ಅಂದಿನಿಂದ ಹನ್ನೊಂದೂವರೆ. ಬಸವಕಲ್ಯಾಣದ ನಮ್ಮ ಸೋದರತ್ತೆ ಹಳೆಯ ಸೆಟ್ಟು ಮುಂದಿಟ್ಟುಕೊಂಡು ಹನ್ನೆರಡೂವರೆಯವರೆಗೆ ತೂಕಡಿಸದೆ ಕುಳಿತಿದ್ದರು. ಬಂದಿದ್ದು ಯಾರದೋ ಪ್ರಾರ್ಥನೆ. ಅದನ್ನೇ ನನ್ನ ಕಾರ್ಯಕ್ರಮವೆಂದು ಪೂರ್ತಿ ಕೇಳಿ, ಚೆನ್ನಾಗಿತ್ತು ಮಗಳೇ ಅಂದರು.

ಆದರೆ ಪತ್ರಗಳು ಬಂದವು. ಫಿನ್‌ಲ್ಯಾಂಡಿನಿಂದ ಬಂದ ಕಾಗದದಲ್ಲಿ ಸಿನ್ಪೊ 34333 (ದನಿ ಎಷ್ಟು ಚೆನ್ನಾಗಿ ಬಂತೆಂದು ಹೇಳುವ ಐದು ಅಂಕಿ) ಎಂದು ಬರೆದು, ಹಾಡಿನ ನಡುವೆ ಒಬ್ಬ ಮುದುಕ ಕೆಮ್ಮಿದ ಎಂದೂ ಗುರುತು ಹಾಕಿದ್ದರು. ಕೆಮ್ಮಿದ್ದು ನಿಜ. ಕೇಳಿ ಬರೆದವರಿಗೆಲ್ಲ ಬಿದರಿ ಹೂಬಳ್ಳಿಯ ಕಪ್ಪು ಕಾರ್ಡು ಅಚ್ಚು ಹಾಕಿಸಿ ಕಳುಹಿಸಿದೆ. ಕಾರ್ಡಿಗಿಂತ ಅಂಚೆಗೆ ಹೋದ ದುಡ್ಡೇ ಹೆಚ್ಚು.

ಸುಟ್ಟ ಮಾಸ್‌ಫೆಟ್:
ಅಕ್ಕ, ಜರ್ಮನಿಯಿಂದ ಬಂದರೆ ಅದು ಬೀದರಿನ ರೇಡಿಯೊ ಹೇಗಾಗುತ್ತದೆ? ಬೀದರಿನಲ್ಲಿ ಎಷ್ಟು ಜನ ಕೇಳಿದರು, ಅದನ್ನು ಹೇಳಿ.

ಬೀದರಿನ ಅಕ್ಕ:
ಬೀದರಿನಲ್ಲಿ ನಾನೊಬ್ಬಳೇ, ಅದೂ ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು ಇಂಟರ್‌ನೆಟ್ಟಿಗೆ ತೆರೆದಿಟ್ಟಿರುವ ರಿಸೀವರ್‌ನಲ್ಲಿ. ನಾಚಿಕೆಯೇನಿಲ್ಲ. ನಿಮ್ಮ ಒಂಬತ್ತು ಮಾಸ್‌ಫೆಟ್‌ಗಳ ಹೊಗೆಯನ್ನು ಎಷ್ಟು ಜನ ಕೇಳಿದರು ಸರ್? ಬಿಟ್‌ಎಕ್ಸ್ ಎಂದರೆ ಎಸ್‌ಎಸ್‌ಬಿ, ಮನೆಯ ರೇಡಿಯೊಗೆ ಹೊಂದದ ಪದ್ಧತಿ. ನೀವು ಇಡೀ ರಾತ್ರಿ ಹಾಡು ಬಿಟ್ಟಿದ್ದರೂ ಮನೆಯ ರೇಡಿಯೊದಲ್ಲಿ ಬಾತುಕೋಳಿ ಕೂಗಿದ ಹಾಗೆ ಕೇಳಿಸುತ್ತಿತ್ತು.

ಸುಟ್ಟ ಮಾಸ್‌ಫೆಟ್:
ಬಾತುಕೋಳಿಯಾದರೂ ನಮ್ಮೂರಿನದು.

ಯಾದಗಿರಿ ಮೇಷ್ಟ್ರು:
ಇಬ್ಬರೂ ಒಂದು ಮಾತು ಮರೆತಿದ್ದೀರಿ. ಶಾರ್ಟ್‌ವೇವ್ ಅಲೆ ಮೇಲೆ ಹೋಗಿ ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ತಾಗಿ ದೂರದಲ್ಲಿ ಇಳಿಯುತ್ತದೆ, ನಡುವಿನ ಊರುಗಳನ್ನು ದಾಟಿಬಿಡುತ್ತದೆ. ದೀಪದ ಬುಡದಲ್ಲಿ ಕತ್ತಲೆ. ರಾತ್ರಿಯಂತೂ ಕಲಬುರಗಿಯಲ್ಲಿ ಬಿಟ್ಟಿದ್ದು ದೆಹಲಿಯಲ್ಲಿ ಕೇಳಿ ಶಹಾಬಾದಿನಲ್ಲಿ ಕೇಳದಿರಬಹುದು. ನಾವು ಸುರಪುರದಲ್ಲಿ ಹುಡುಗರಾಗಿದ್ದಾಗ ಸಿಲೋನ್ ರೇಡಿಯೊ ಗಂಟೆ ಬಾರಿಸಿದ ಹಾಗೆ ಬರುತ್ತಿತ್ತು. ಅಪ್ಪ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ರೇಡಿಯೊ ಇಟ್ಟುಕೊಂಡಿದ್ದಕ್ಕೆ ಲೈಸೆನ್ಸ್ ಹಣ ಕಟ್ಟಿ, ಪುಸ್ತಕಕ್ಕೆ ಚೀಟಿ ಅಂಟಿಸಿಕೊಂಡು ಬರುತ್ತಿದ್ದರು. ಕೇಳುವುದಕ್ಕೇ ಲೈಸೆನ್ಸ್ ಇದ್ದ ದೇಶ ಇದು. ಕದ್ದು ಬಿತ್ತರಿಸಿದವರು 1942ರಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು, 42.34 ಮೀಟರಿನಲ್ಲಿ ಕಾಂಗ್ರೆಸ್ ರೇಡಿಯೊ. ಕೆಲವೇ ತಿಂಗಳಲ್ಲಿ ಸಿಕ್ಕಿಬಿದ್ದು ಸೆರೆಮನೆಗೆ ಹೋದರು. ಅವರ ಮುಂದೆ ಸ್ವಾತಂತ್ರ್ಯವಿತ್ತು. ನಿಮ್ಮ ಮುಂದೆ ಏನಿದೆ, ರ‍್ಯಾಪ್!

ಇನ್ನೊಂದು ಆಕ್ಷೇಪ. ರಿವಾಯತ್ ಪದವನ್ನು ಈ ಪಟ್ಟಿಗೆ ಸೇರಿಸಿದ್ದು ಸರಿಯಲ್ಲ. ಅಲಾಯಿ ಕುಣಿಯ ಸುತ್ತ ಊರಿಗೆ ಊರೇ ನಿಂತು ಹಾಡುವುದನ್ನು ಭೂಗತ ಸಂಗೀತ ಎಂದರೆ ಏನರ್ಥ? ಭೂಗತ ಎಂದರೆ ಪೊಲೀಸರಿಗೂ ಬೇರೆಯೇ ಅರ್ಥವಾಗುತ್ತದೆ. ನನ್ನ ಹತ್ತಿರ ಅಂಥ ಪದಗಳ ಎಂಟು ಕ್ಯಾಸೆಟ್ ಇದ್ದವು. ಒಬ್ಬರು ಸಂಶೋಧನೆಗೆಂದು ಒಯ್ದರು, ಒಂದು ಪೆನ್‌ಡ್ರೈವ್ ತಂದುಕೊಟ್ಟರು. ಅದರಲ್ಲಿ ಅವರ ಮಗನ ನಾಮಕರಣದ ಫೋಟೊಗಳಿದ್ದವು. ಹನ್ನೊಂದು ವರ್ಷವಾಯಿತು, ಕ್ಯಾಸೆಟ್ ಬಂದಿಲ್ಲ. ಅವರು ಇದನ್ನು ಓದುತ್ತಿದ್ದರೆ ನಾಚಿಕೊಳ್ಳಲಿ.

ಹೀರಾಪುರದ ಹುಡುಗ:
ಮೇಷ್ಟ್ರೇ, ಭೂಗತ ಎಂದು ನಾನು ಬರೆದಿಲ್ಲ.

ತೊಗರಿಹೊಲ, ಆಳಂದ:
ಬಿಡುವವರ ಕಥೆ ಕೇಳಿದ್ದಾಯಿತು, ಕೇಳಿಸುವ ಕಷ್ಟ ನನಗೆ ಗೊತ್ತು. ನಮ್ಮ ಊರಿನಲ್ಲಿ ಹಂಚಲೆಂದು ಹಳೆಯ ಸೆಟ್ಟುಗಳನ್ನು ಕೊಂಡೆ, ಹತ್ತು. ನಾಲ್ಕರಲ್ಲಿ ಬ್ಯಾಂಡ್ ಗುಂಡಿ ತುಕ್ಕು ಹಿಡಿದು ಎಫ್‌ಎಂನಲ್ಲೇ ಕೂತಿತ್ತು. ಎರಡರಲ್ಲಿ ಇರುವೆ. ಉಳಿದ ನಾಲ್ಕನ್ನು ಹಚ್ಚಿದರೆ ಬರೀ ಗೊರ್ ಎಂಬ ಸದ್ದು. ಮೂರು ವಾರ ಕಾರಣ ಹುಡುಕಿದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಎದುರು ಮನೆಯ ಇನ್ವರ್ಟರ್, ಎಲ್ಲವೂ ಶಾರ್ಟ್‌ವೇವ್ ಮೇಲೆ ಉಗುಳುತ್ತವೆ. ಕರೆಂಟು ಹೋದಾಗ ಮಾತ್ರ ಆಕಾಶ ತಿಳಿಯಾಗುತ್ತದೆ. ನಮ್ಮೂರಿನಲ್ಲಿ ಕರೆಂಟು ಹೋಗಲೆಂದು ದೇವರಿಗೆ ಕೈಮುಗಿದವನು ನಾನೊಬ್ಬನೇ ಇರಬೇಕು. ಕೊನೆಗೆ ಹೊಲಕ್ಕೆ ಕಂಬಳಿ ಒಯ್ದು, ತೊಗರಿಯ ನಡುವೆ ಕುಳಿತು ಕೇಳಿದೆವು. ಸೆಲ್ಲಿನ ಖರ್ಚು ಬೇರೆ, ಎರಡು ತಿಂಗಳಿಗೆ 1,180 ರೂಪಾಯಿ. ಮೇಷ್ಟ್ರೇ, ರ‍್ಯಾಪ್ ಬಗ್ಗೆ ಹಗುರವಾಗಿ ಮಾತನಾಡಬೇಡಿ, ನನ್ನ ತಮ್ಮ ಹಾಡುತ್ತಾನೆ.

ಐವತ್ತು ವ್ಯಾಟ್, ಹುಮನಾಬಾದ್:
ಇಷ್ಟೆಲ್ಲ ಏಕೆ? ಸಮುದಾಯ ರೇಡಿಯೊ ಮಾಡಿ. 1995ರಲ್ಲೇ ಸುಪ್ರೀಂ ಕೋರ್ಟ್ ಗಾಳಿಯ ಅಲೆ ಸಾರ್ವಜನಿಕರ ಸ್ವತ್ತು ಎಂದಿದೆ, 2006ರಿಂದ ಸಂಘ ಸಂಸ್ಥೆಗಳಿಗೂ ಅವಕಾಶವಿದೆ.

ಸುಟ್ಟ ಮಾಸ್‌ಫೆಟ್:
ನಿಮ್ಮದು ಎಲ್ಲಿಯವರೆಗೆ ಬಂತು?

ಐವತ್ತು ವ್ಯಾಟ್:
ಒಬ್ಬನೇ ಅರ್ಜಿ ಹಾಕುವಂತಿಲ್ಲ, ಸಂಘ ನೋಂದಣಿಯಾಗಿ ಮೂರು ವರ್ಷ ಆಗಿರಬೇಕು. ನಮ್ಮದು ಮೂವತ್ತೆರಡನೆಯ ತಿಂಗಳಿಗೆ ಒಡೆಯಿತು. ಖಜಾಂಚಿ ಲೆಕ್ಕದ ಪುಸ್ತಕದೊಂದಿಗೆ ಪುಣೆಗೆ ಹೋದರು. ಮತ್ತೆ ಹೊಸ ಸಂಘ ಮಾಡಿದ್ದೇನೆ, ಈಗ ಎಂಟನೆಯ ತಿಂಗಳು.

ಬೀದರಿನ ಅಕ್ಕ:
ಅದು ಎಫ್‌ಎಂ. ಐವತ್ತು ವ್ಯಾಟ್‌ಗೆ ಹುಮನಾಬಾದ್ ದಾಟುವುದಿಲ್ಲ. ಹುಡುಗ ಕೇಳಿದ್ದು ಶಾರ್ಟ್‌ವೇವ್.

ಐವತ್ತು ವ್ಯಾಟ್:
ಹುಮನಾಬಾದಿನವರಾದರೂ ಕೇಳುತ್ತಾರೆ, ಫಿನ್‌ಲ್ಯಾಂಡಿನವರ ಕೆಮ್ಮಿನ ಲೆಕ್ಕ ನಮಗೆ ಬೇಡ.

ಬೀದರಿನ ಅಕ್ಕ:
ಕೆಮ್ಮಿದ್ದು ನಮ್ಮ ಹಾಡುಗಾರ, ಫಿನ್‌ಲ್ಯಾಂಡಿನವರಲ್ಲ. ಸರಿಯಾಗಿ ಓದಿ ಜಗಳಕ್ಕೆ ಬನ್ನಿ.

ಯಾದಗಿರಿ ಮೇಷ್ಟ್ರು:
ಈಗ ಹುಡುಗನ ಮಾದರಿ ಕೇಳಿದೆ. ಮಾತು ವೇಗವಾಯಿತು. ಆದರೆ ಹಿಂದಿರುವ ಹಲಗೆ ಒಳ್ಳೆಯ ಕೈ. ಬೆಂಕಿಗೆ ಹಿಡಿದು ಹದವಾಗಿ ಕಾಯಿಸಿದ ಚರ್ಮ.

ತೊಗರಿಹೊಲ:
ಹಲಗೆಯಲ್ಲ ಮೇಷ್ಟ್ರೇ, ಅದು ತಾಶೆ. ಎರಡು ಕಡ್ಡಿಯ ಏಟು ಕೇಳಿಸುವುದಿಲ್ಲವೇ?

ಯಾದಗಿರಿ ಮೇಷ್ಟ್ರು:
ಹಲಗೆಗೂ ಎರಡು ಕೋಲು ಇರುತ್ತವೆ. ನಲವತ್ತು ವರ್ಷ ಅಲಾಯಿ ನೋಡಿದ್ದೇನೆ, ನನಗೆ ಕಲಿಸಬೇಡಿ.

ಬೀದರಿನ ಅಕ್ಕ:
ತಾಶೆಯೇ. ಹದಿನೇಳು ಸಲ ತಿದ್ದಿದ ಕಿವಿ ನನ್ನದು.

ಹೀರಾಪುರದ ಹುಡುಗ:
ಅದು ಹದಿನೈದು ಕಿಲೊದ ಎಣ್ಣೆ ಡಬ್ಬಿ. ಖಾಲಿ ಡಬ್ಬಿ ಬೋರಲು ಹಾಕಿ ಗೆಳೆಯ ಬಾರಿಸಿದ್ದು. ಸರ್, ಅಕ್ಕ, ಮೇಷ್ಟ್ರೇ, ಆ ಮೂವತ್ತು ಸಾವಿರಕ್ಕೆ ಏನು ಮಾಡಲಿ ಎಂದು ಯಾರೂ ಹೇಳಲಿಲ್ಲ.

ಯಾದಗಿರಿ ಮೇಷ್ಟ್ರು:
ಡಬ್ಬಿಗೆ ಆ ನಾದ ಬರುವುದಿಲ್ಲ. ನಿನ್ನ ಗೆಳೆಯನನ್ನು ಇನ್ನೊಮ್ಮೆ ಕೇಳು.